ಚಿಕ್ಕಗಂಗಮ್ಮ ಮೂರು ಸಲ ಹೇಳಿದ್ದು

ಚಕ್ರ ಸಿಕ್ಕಿದ್ದು ರಾಗಿ ಹೊಲದಲ್ಲಿ. ಕಾರು ಸಿಕ್ಕಿದ್ದು ಚರಂಡಿಯಲ್ಲಿ. ನಡುವೆ ನೂರು ಮಾರು ದೂರ!

೧೯೩೮ನೇ ಇಸವಿ, ಅಕ್ಟೋಬರ್ ತಿಂಗಳ ಒಂದು ಗುರುವಾರ. ರಾಯಲ್ಪಾಡಿನಿಂದ ಶ್ರೀನಿವಾಸಪುರಕ್ಕೆ ಬರುತ್ತಿದ್ದ ಸರ್ವೀಸ್ ಕಾರು ಇಳಿಜಾರಿನಲ್ಲಿ ಹಿಂದಿನ ಬಲಚಕ್ರ ಕಳಚಿಕೊಂಡು ಮಗುಚಿತ್ತು. ಆರು ಪ್ರಯಾಣಿಕರಲ್ಲಿ ಐವರಿಗೆ ತರಚು ಗಾಯ. ಆರನೆಯವಳು ಹಿಂದಿನ ಸೀಟಿನ ಬಲತುದಿಯಲ್ಲಿದ್ದ, ಬದನೆಕಾಯಿ ಮಾರುವ ಚಿಕ್ಕಗಂಗಮ್ಮ. ಅವಳ ಎಡಗಾಲು ಮುರಿದಿತ್ತು.

ನಾನು ಠಾಣೆಯ ರೈಟರು. ಹುಣಸೂರು ಕಡೆಯವನು, ಈ ಸೀಮೆಗೆ ವರ್ಗವಾಗಿ ಮೂರು ತಿಂಗಳಾಗಿತ್ತು. ಸ್ಥಳಕ್ಕೆ ಹೋದಾಗ ಡ್ರೈವರ್ ಕದಿರೇಶ ಚರಂಡಿಯ ದಂಡೆಯಲ್ಲಿ ತಲೆ ಹಿಡಿದು ಕೂತಿದ್ದ. ಕಾರು ಕಂಪನಿಯ ಏಜೆಂಟ್ ವೆಂಕಟರಮಣಪ್ಪ ಆಗಲೇ ಸೈಕಲ್ಲಿನಲ್ಲಿ ಬಂದು ಕೂಗಾಡುತ್ತಿದ್ದ.

"ಕುಡಿದು ಓಡಿಸಿದಾನೆ ಸ್ವಾಮಿ! ನೋಡಿ ಕಣ್ಣು ಹೆಂಗೆ ಕೆಂಪಗವೆ!"

"ಅತ್ತಿದ್ದಕ್ಕೆ ಕೆಂಪಗವೆ," ಎಂದ ಕದಿರೇಶ. "ನಮ್ಮನೇಲಿ ಯಾರೂ ಕುಡಿಯೋರಲ್ಲ. ಚಕ್ರದಲ್ಲಿ ಸದ್ದಿತ್ತು ಸ್ವಾಮಿ. ಮೂರು ದಿನದಿಂದ ಹೇಳ್ತಿದ್ದೆ. ಇವತ್ತು ಬೆಳಿಗ್ಗೆ ಹೊರಟಾಗ ಸದ್ದೇ ಇರಲಿಲ್ಲ. ರಿಪೇರಿ ಮಾಡ್ಸಿದಾರೆ ಅಂದ್ಕೊಂಡೆ. ಬರುವಾಗ ಹಿಂದಿನಿಂದ ಆ ಬದನೆಕಾಯಿ ಆಯಮ್ಮ ಏನೋ ಕೂಗಿಕೊಂಡ್ರು. ನಿಲ್ಲಿಸಾಣ ಅಂತ ಬ್ರೇಕ್ ಒತ್ತಿದೆ, ಅಷ್ಟೇ—"

"ಸದ್ದಂತೆ ಸದ್ದು! ಕುಡುಕನ ಕಿವಿಗೆ ಏನ್ ಬೇಕಾದ್ರೂ ಕೇಳ್ಸುತ್ತೆ. ನನಗ್ಯಾವ ಸದ್ದೂ ಗೊತ್ತಿಲ್ಲ."

ಯಾರನ್ನು ನಂಬುವುದು? ಸಾಕ್ಷಿ ಬೇಕಿತ್ತು. ಉಳಿದ ಐವರನ್ನು ನಾನು ಕೇಳಿದ್ದು ಒಂದೇ ಪ್ರಶ್ನೆ: "ಡ್ರೈವರ್ ಕುಡಿದಿದ್ದನೋ?" ಅವರೆಲ್ಲ "ನಮಗೇನು ಗೊತ್ತು" ಎಂದು ಮನೆಗೆ ಹೋದರು. ಚಿಕ್ಕಗಂಗಮ್ಮನನ್ನು ಕೇಳಲು ಆಸ್ಪತ್ರೆಗೆ ಹೋದೆ. ಅವಳಿಗೆ ತೆಲುಗು ಬಿಟ್ಟು ಬೇರೆ ಬಾರದು. ನನಗೆ ತೆಲುಗು ಬಾರದು. ವೆಂಕಟರಮಣಪ್ಪ ತಾನಾಗಿಯೇ ಮುಂದೆ ಬಂದ.

"ನಾನು ಹೇಳ್ತೀನಿ ಬನ್ನಿ ರೈಟರೇ. ತೆಲುಗು ನಮ್ಮ ಮನೆ ಮಾತು. ನಾನು ಹುಟ್ಟಿದ್ದೇ ರಾಯಲ್ಪಾಡಿನಲ್ಲಿ."

ಕಾಲಿಗೆ ಬಿದಿರಿನ ದಬ್ಬೆ ಕಟ್ಟಿಸಿಕೊಂಡು ಮಲಗಿದ್ದ ಹೆಂಗಸು ನನ್ನನ್ನೇ ನೋಡುತ್ತ ಹೇಳಿದಳು:

"ಕುಡಿ ಪಕ್ಕ, ಸಾಮಿ. ಕುಡಿ ಪಕ್ಕನೇ. ಗರಗರಗರ!" ಎಂದು ಕೈಯನ್ನು ಸುತ್ತಲೂ ತಿರುಗಿಸಿದಳು. ಆಮೇಲೆ ಇನ್ನೂ ಜೋರಾಗಿ, "ಕುಡಿ ಪಕ್ಕ!"

"ಕೇಳಿದಿರಾ?" ಎಂದ ವೆಂಕಟರಮಣಪ್ಪ. "ಪಕ್ಕಾ ಕುಡಿದಿದ್ದ ಅಂತಾಳೆ. ತಲೆ ಗರಗರ ತಿರುಗ್ತಿತ್ತಂತೆ ಅವನಿಗೆ."

ಕುಡಿ ಎಂದದ್ದು ನನ್ನ ಕಿವಿಗೇ ಬಿದ್ದಿತ್ತು. ಒಂದಲ್ಲ, ಮೂರು ಸಲ. ಇನ್ನೇನು ಬೇಕು? ಅವಳ ತೆಲುಗು ಮಾತು, ಕೈ ತಿರುಗಿಸಿದ್ದು, ಏಜೆಂಟ್ ಹೇಳಿದ ಅರ್ಥ, ಎಲ್ಲ ಬರೆದೆ. ಅವಳ ಹೆಬ್ಬೆಟ್ಟು ಒತ್ತಿಸಿದೆ. ಕದಿರೇಶನನ್ನು ಲಾಕಪ್ಪಿಗೆ ಹಾಕಿದೆವು. ಸೋಮವಾರ ಅವನ ಲೈಸೆನ್ಸು ರದ್ದು; ಆಮೇಲೆ ಜೈಲು. ಮೂರು ಮಕ್ಕಳ ತಂದೆ, ಮೋಟಾರು ಬಿಟ್ಟರೆ ಬೇರೆ ಕಸುಬು ಬಾರದವನು.

ಶನಿವಾರ ಕೋಲಾರದಿಂದ ಇನ್ಸ್‌ಪೆಕ್ಟರ್ ಕೋದಂಡರಾಮಪ್ಪನವರು ಬಂದರು. ಮುಳಬಾಗಿಲು ತಾಲ್ಲೂಕಿನವರು, ಗಾಡಿ ಚಕ್ರ ಮಾಡುವವರ ಮನೆತನ. ಬರೀ ಸಹಿಗೆಂದು ಬಂದವರು. ಪೆನ್ನಿನ ಮುಚ್ಚಳ ತೆಗೆದರು. ಓದಿದರು. ಮುಚ್ಚಳ ಹಾಕಿದರು.

"ರೈಟರೇ, ಯಾವ ಚಕ್ರ ಕಳಚಿದ್ದು?"

"ಹಿಂದಿನ ಬಲಗಡೇದು ಸಾರ್."

"ನಾವು ರಸ್ತೆಯ ಯಾವ ಮಗ್ಗುಲಲ್ಲಿ ಗಾಡಿ ಹೊಡೀತೀವಿ?"

"ಎಡಗಡೆ."

"ಮೈಲಿಗಲ್ಲು, ಮೋರಿಕಟ್ಟೆ ಎಲ್ಲ ಎಡಕ್ಕೆ. ಕುಡಿದೋನು ಗುದ್ದಿದ್ದರೆ ಎಡಚಕ್ರಕ್ಕೆ ಪೆಟ್ಟಾಗಬೇಕಲ್ಲ? ಬಲಚಕ್ರ ಏನನ್ನ ಗುದ್ದಿತು? ಗಾಳೀನ?"

ಅವರು ಎದ್ದು ಹಿತ್ತಲಿಗೆ ನಡೆದರು.

ಕಾರು ಠಾಣೆಯ ಹಿಂದೆ ಬಿದ್ದಿತ್ತು. ಇನ್ಸ್‌ಪೆಕ್ಟರು ಕೋಟು ಬಿಚ್ಚಿ ನನ್ನ ಕೈಗೆ ಕೊಟ್ಟರು. ಎಡಚಕ್ರವನ್ನು ಜಾಕಿನ ಮೇಲೆ ಎತ್ತಿಸಿ ಕೈಯಿಂದ ತಿರುಗಿಸಿದರು. ಒಂದು ಕೋಲಿನ ತುದಿಯನ್ನು ಅಚ್ಚಿಗೆ ಒತ್ತಿ, ಇನ್ನೊಂದು ತುದಿಯನ್ನು ಕಿವಿಗಿಟ್ಟುಕೊಂಡರು.

"ನೀವೂ ಕೇಳಿ. ಏನು ಕೇಳ್ಸುತ್ತೆ?"

"ಏನೂ ಇಲ್ಲ ಸಾರ್."

"ಸರಿಯಾದ ಚಕ್ರ ಹಿಂಗಿರುತ್ತೆ. ಈಗ ಆ ಕಡೆ ಬನ್ನಿ."

ಹೊಲದಿಂದ ತಂದಿದ್ದ ಬಲಚಕ್ರಕ್ಕೆ ತುಂಡಾದ ಅಚ್ಚು ಇನ್ನೂ ಅಂಟಿಕೊಂಡಿತ್ತು. ಅದರ ಅಂಚಿನ ಪಟ್ಟಿಯ ಮೇಲೆ ಕಲ್ಲು ತಾಗಿದ ಒಂದು ಗುರುತೂ ಇಲ್ಲ. ಬೇರಿಂಗಿನ ಗುಂಡುಗಳು ಕಾದು ನೀಲಿಯಾಗಿದ್ದವು, ಎರಡು ಒಡೆದಿದ್ದವು. ಇನ್ಸ್‌ಪೆಕ್ಟರು ಒಳಗೆ ಬೆರಳು ಹಾಕಿ ಕರ್ರಗಿನ ಮುದ್ದೆಯೊಂದನ್ನು ಎಳೆದರು. ಮೂಸಿದರು.

"ಗ್ರೀಸಾ ಸಾರ್?"

"ಗ್ರೀಸು ಸುಟ್ರೆ ಅಡುಗೆ ಒಲೆ ವಾಸನೆ ಬರುತ್ತೇನ್ರೀ? ಇದು ಮರದ ಹೊಟ್ಟು. ಹರಳೆಣ್ಣೇಲಿ ಕಲಸಿ ತುರುಕಿದಾರೆ." ಅವರ ಮುಖ ಕೆಂಪಾಯಿತು. "ಸವೆದ ಬೇರಿಂಗಿಗೆ ಹೊಟ್ಟು ತುರುಕಿದ್ರೆ ಇಪ್ಪತ್ತು ಮೈಲಿ ಸದ್ದು ಮಾಡಲ್ಲ. ಆಮೇಲೆ ಹೊಟ್ಟು ಸುಡುತ್ತೆ, ಗುಂಡು ಒಡೆಯುತ್ತೆ, ಅಚ್ಚು ಮುರಿಯುತ್ತೆ. ಕೂಗೋ ಮಗೂಗೆ ಹಾಲು ಕೊಡದೆ ಬಾಯಿಗೆ ಬಟ್ಟೆ ತುರುಕಿದ ಹಾಗೆ! ಆರು ಜನ ಕೂತಿದ್ರು ರೀ ಇದರ ಮೇಲೆ!"

ತುರುಕಿದವರು ಯಾರು? ಕಂಪನಿಯ ಫಿಟ್ಟರ್ ಶ್ರೀರಾಮಪ್ಪನೇ? ಅವನು ಬುಧವಾರ ಮಧ್ಯಾಹ್ನವೇ ನೆಂಟರ ಮದುವೆಗೆ ಮಾಸ್ತಿಗೆ ಹೋಗಿದ್ದ. ಆಳು ಕಳಿಸಿ ಕರೆಸಿದೆವು. ಭಾನುವಾರ ಬೆಳಿಗ್ಗೆ ಅರಿಶಿನದ ಪಂಚೆಯಲ್ಲೇ ಬಂದ.

"ಬುಧವಾರ ನೀನು ಹೊರಟಾಗ ಚಕ್ರ ಹೇಗಿತ್ತು?"

"ಗರಗರ ಅಂತಿತ್ತು ಬುದ್ಧಿ. ಬೇರಿಂಗ್ ಹೋಗಿದೆ, ಹೊಸದು ಬರೋಗಂಟ ಗಾಡಿ ತೆಗೀಬೇಡಿ ಅಂದೆ."

"ಯಾರಿಗಂದೆ?"

"ಇನ್ಯಾರಿಗೆ, ಏಜೆಂಟಪ್ಪಂಗೆ. ನಾನು ಬರೋಗಂಟ ಮುಟ್ಟಬೇಡಿ ಅಂತ ಶೆಡ್ಡಿನ ಬೀಗದ ಕೈನೂ ಅವನಿಗೇ ಕೊಟ್ಟು ಹೋದೆ."

ವೆಂಕಟರಮಣಪ್ಪ ನಕ್ಕ. "ಸುಳ್ಳು! ಸದ್ದಿನ ವಿಷಯ ನನಗ್ಯಾರೂ ಹೇಳಿಲ್ಲ. ಡ್ರೈವರು ಫಿಟ್ಟರು ಇಬ್ಬರೂ ಒಂದಾಗಿದಾರೆ. ಆ ಹೆಂಗಸು ಹೇಳಿದ್ದು ಸುಳ್ಳಾ? ರೈಟರೇ ಕಿವಿಯಾರೆ ಕೇಳಿದಾರೆ."

"ಹೌದಾ? ಹಾಗಾದ್ರೆ ಎಲ್ಲರೂ ಆಸ್ಪತ್ರೆಗೆ ಬನ್ನಿ," ಎಂದರು ಕೋದಂಡರಾಮಪ್ಪನವರು. ಕದಿರೇಶನನ್ನೂ ಬೇಡಿ ತೆಗೆಸಿ ಕರೆತಂದೆವು.

ಮಂಚದ ಸುತ್ತ ನಿಂತೆವು. ಇನ್ಸ್‌ಪೆಕ್ಟರು ನಾನು ಬರೆದಿದ್ದನ್ನು ಗಟ್ಟಿಯಾಗಿ ಓದಿದರು. ಪುಟ ತಿರುವುತ್ತ, ತಲೆ ಎತ್ತದೆ, ವೆಂಕಟರಮಣಪ್ಪನಿಗೆ ಅಂದರು:

"ಬೆಳಕಿಗೆ ಅಡ್ಡ ನಿಂತಿದೀರಿ. ಕುಡಿ ಪಕ್ಕಕಿ ಜರಗಂಡಿ."

ವೆಂಕಟರಮಣಪ್ಪ ತಟ್ಟನೆ ಬಲಕ್ಕೆ ಸರಿದ.

"ಯಾವ ಕಡೆ ಸರಿದರು ರೈಟರೇ?"

"ಬಲಕ್ಕೆ ಸಾರ್."

"ಬಲಕ್ಕೆ! ತೆಲುಗಿನಲ್ಲಿ ಕುಡಿ ಅಂದ್ರೆ ಬಲ. ಕುಡಿ ಪಕ್ಕ ಅಂದ್ರೆ ಬಲಗಡೆ. ಅಲ್ವೇನ್ರೀ ಏಜೆಂಟ್ರೆ? ಇವತ್ತು ಗೊತ್ತಿದ್ದ ಮಾತು ಗುರುವಾರ ಮರೆತುಹೋಗಿತ್ತಾ? ಆಯಮ್ಮ ಕೂತಿದ್ದೇ ಬಲಚಕ್ರದ ಮೇಲೆ. ಬಲಗಡೆ ಗರಗರ ಅಂತಿತ್ತು ಅಂತ ಮೂರು ಸಲ ಬಡಕೊಂಡ್ಳು. ಚಕ್ರ ತಿರುಗೋದನ್ನ ಕೈಯಲ್ಲೂ ತೋರಿಸಿದ್ಳು. ನೀವು ಅದನ್ನ ಡ್ರೈವರ್ ತಲೆ ಮಾಡಿದ್ರಿ!"

"ಬಾಯಿ ತಪ್ಪಿ... ಅವಸರದಲ್ಲಿ..."

"ಅವಸರದಲ್ಲಿ ತಪ್ಪೋದು ರೈಟರು. ಹುಣಸೂರಿನೋರು, ಕಿವಿಗೆ ಬಿದ್ದಿದ್ದನ್ನ ಕನ್ನಡ ಅಂದ್ಕೊಂಡ್ರು. ರಾಯಲ್ಪಾಡಿನಲ್ಲಿ ಹುಟ್ಟಿದ ನೀವು ಹೇಗೆ ತಪ್ತೀರಿ? ಸದ್ದಿನ ವಿಷಯವೇ ಗೊತ್ತಿಲ್ಲದೋನು ಸದ್ದನ್ನ ಯಾಕೆ ಮುಚ್ಚಬೇಕಿತ್ತು? ಚಕ್ರದ ಬಾಯಿಗೆ ಹೊಟ್ಟು ತುರುಕಿದ ಕೈಯೇ ಈಯಮ್ಮನ ಬಾಯಿಗೂ ತುರುಕಿದ್ದು. ಶೆಡ್ಡಿನ ಬೀಗದ ಕೈ ಇದ್ದದ್ದೂ ನಿಮ್ಮ ಹತ್ತಿರವೇ."

ವೆಂಕಟರಮಣಪ್ಪ ಬೆವರು ಒರೆಸಿಕೊಂಡ. "ಒಂದು ದಿನ ಗಾಡಿ ನಿಂತ್ರೆ ಕಂಪನಿಯೋರು ನನ್ನ ತೆಗೆದುಹಾಕ್ತಿದ್ರು ಸ್ವಾಮಿ. ಬರೀ ಒಂದು ದಿನ ತಳ್ಳಿದ್ರೆ ಸಾಕಾಗಿತ್ತು..."

ಫಿಟ್ಟರ್ ಶ್ರೀರಾಮಪ್ಪ ಅವನ ಮುಖದ ಮುಂದೆ ಬಂದು ನಿಂತ. "ನಿನ್ನ ಹೆಂಡ್ತಿ ಮಕ್ಕಳನ್ನ ಕೂರಿಸಿ ತಳ್ಳಬೇಕಾಗಿತ್ತು ಕಣಯ್ಯಾ!"

ಕದಿರೇಶ ಮಂಚದ ಕಾಲ ಬಳಿ ಹೋಗಿ, ಆ ಹೆಂಗಸಿನ ಪಾದ ಮುಟ್ಟಿ ಕಣ್ಣಿಗೊತ್ತಿಕೊಂಡ.

ಚಿಕ್ಕಗಂಗಮ್ಮನಿಗೆ ಇನ್ಸ್‌ಪೆಕ್ಟರು ನಡೆದದ್ದನ್ನೆಲ್ಲ ತೆಲುಗಿನಲ್ಲಿ ಹೇಳಿದರು. ತನ್ನ ಹೆಬ್ಬೆಟ್ಟಿನಿಂದ ಒಬ್ಬ ನಿರಪರಾಧಿ ನಾಲ್ಕು ದಿನ ಲಾಕಪ್ಪಿನಲ್ಲಿದ್ದ ಎಂದು ತಿಳಿದೊಡನೆ ಅವಳು ಮೊಣಕೈ ಊರಿ ಎದ್ದು ಕೂತಳು. ಏಜೆಂಟನನ್ನು ನೋಡಲಿಲ್ಲ, ನೋಡಿದ್ದು ನನ್ನನ್ನು.

ನಾನು ಹಳೆಯ ಹಾಳೆಗೆ ಅಡ್ಡಗೀಟು ಹಾಕಿ ಹೊಸ ಹಾಳೆ ತೆಗೆದೆ. ಪೆನ್ನನ್ನು ಮಸಿಯಲ್ಲಿ ಅದ್ದಿದೆ. ಅವಳು ಕೈ ಚಾಚಿ ನನ್ನ ಮುಂಗೈ ಹಿಡಿದುಕೊಂಡಳು, ಮಸಿ ಹಾಳೆಯ ಮೇಲೆ ತೊಟ್ಟಿಕ್ಕುವಂತೆ.

"ಇದಿ ಕುಡಿ ಚೆಯ್ಯಿ, ಸಾಮಿ," ಎಂದಳು. "ಅನ್ನಂ ತಿನೇ ಚೆಯ್ಯಿ."

ಯಾರೂ ಅರ್ಥ ಹೇಳಬೇಕಾಗಲಿಲ್ಲ. ಅದು ನನ್ನ ಬಲಗೈ. ಅನ್ನ ತಿನ್ನುವ ಕೈ. ಆ ಸುಳ್ಳನ್ನು ಬರೆದದ್ದೂ ಅದೇ ಕೈ.