ಖಾಲಿ ಇರಬೇಕಾದ ಗುಲಾಬಿ ಹೊಲ

ಬಂದೂಕಿನ ಬಾಯಿ ನನ್ನ ಕಿವಿಗೆ ತಾಗಿತ್ತು. ತಣ್ಣಗಿತ್ತು.

ಸೂರ್ಯ ಇನ್ನೂ ಹುಟ್ಟಿರಲಿಲ್ಲ. ನಾನು ಬಸ್ಸಿನ ಸ್ಟೀರಿಂಗ್ ಹಿಡಿದು ಕೂತಿದ್ದೆ. ಹಿಂದೆ ಮೂವತ್ತು ಚಿಲ್ಲರೆ ಜನ, ಗುಲಾಬಿ ಕೀಳುವ ಕೂಲಿಯವರು. ಮುಂದೆ ರಸ್ತೆಗೆ ಅಡ್ಡವಾಗಿ ಒಂದು ಜೀಪು.

"ಕೆಳಗಿಳಿ, ಮೋಮ್ಚಿಲಣ್ಣ," ಎಂದ ಬಂದೂಕು ಹಿಡಿದವನು. "ಬೇಗ ಆಗ್ಲಿ. ನಂಗೆ ಶಿಫ್ಟಿಗೆ ಹೊತ್ತಾಗುತ್ತೆ."

ಅವನ ಹೆಸರು ಕ್ರುಮ್. ನಾನು ಪೊಲೀಸ್ ಕೆಲಸದಲ್ಲಿದ್ದಾಗ ಎರಡು ಸಲ ಅವನನ್ನು ಒಳಗೆ ಹಾಕಿದ್ದೆ. ಆಗ ಅವನಿಗೆ ಕೆಲಸವಿರಲಿಲ್ಲ, ಕೋಪವಿತ್ತು. ಈಗ ಕೆಲಸವಿತ್ತು, ಕೋಪವಿರಲಿಲ್ಲ. ಅಂಥವರ ಹತ್ತಿರ ಹುಷಾರಾಗಿರಬೇಕು.

ಇಳಿದೆ.

ಕ್ರುಮ್ ಬಸ್ಸು ಹತ್ತಿ ಭಾಷಣ ಮಾಡಿದ. ದೊಡ್ಡ ಮದ್ದುಗುಂಡಿನ ಕಾರ್ಖಾನೆಯಲ್ಲಿ ಕೆಲಸ. ತಿಂಗಳ ಸಂಬಳ. ಯೂನಿಫಾರ್ಮು. ಮೂರು ಹೊತ್ತು ಊಟ. ಕೂಲಿ ತಂಡದ ಯಜಮಾನಿ ನಜ್ಮಿಯೆ ಎದ್ದು ನಿಂತು, ಊಟದಲ್ಲಿ ಮಾಂಸ ಇರುತ್ತದೆಯೇ ಎಂದು ಕೇಳಿದಳು. ಇರುತ್ತದೆ ಎಂದ.

ಅಪಹರಣ ಅಲ್ಲಿಗೆ ಮುಗಿಯಿತು. ಅದಾದ ಮೇಲೆ ನಡೆದದ್ದು ನೇಮಕಾತಿ.

ಬಸ್ಸು ಹೋಯಿತು. ರಸ್ತೆಯಲ್ಲಿ ನಾನು, ಒಂದಿಷ್ಟು ಧೂಳು.

ಇದಕ್ಕೆ ಮೊದಲು ಎರಡು ಸಲ ಯಾರೋ ಡೋನ್ಕಾಳ ಬಸ್ಸಿನ ಟೈರು ಕೊಯ್ದಿದ್ದರು. ಅದಕ್ಕೇ ಅವಳು ನನ್ನನ್ನು ಗೊತ್ತುಮಾಡಿದ್ದು. ಡೋನ್ಕಾ ಅಂದರೆ ಬೆಟ್ಟದ ಬುಡದ ಗುಲಾಬಿ ಹೊಲದ ಒಡತಿ. ಗಂಡ ಸತ್ತ ಮೇಲೆ ಒಬ್ಬಳೇ ನಡೆಸುತ್ತಿದ್ದಳು. ನಾನು ಕೇಳಿದ ಫೀಸನ್ನು ಅವಳು ಅರ್ಧಕ್ಕೆ ಇಳಿಸಿದಳು. ನಾನು ಒಪ್ಪಿದೆ. ಯಾಕೆಂದರೆ ಆ ವರ್ಷ ನನಗೆ ಬಂದ ಗಿರಾಕಿ ಅವಳೊಬ್ಬಳೇ.

ನಮ್ಮ ಕಣಿವೆಯ ಸ್ಥಿತಿ ಹಾಗಾಗಿತ್ತು, ಸ್ವಾಮಿ. ಯೂರೋಪಿನ ರಾಜಧಾನಿಗಳಲ್ಲಿ ದೊಡ್ಡವರು ಕೂತು ಫಿರಂಗಿ ಗುಂಡು ಸಾಲದು ಎಂದು ತೀರ್ಮಾನಿಸಿದ್ದೇ ತಡ, ಇಲ್ಲಿ ರೊಟ್ಟಿ ಅಂಗಡಿ ಮುಚ್ಚಿತು. ಅಂಗಡಿಯವನು ಕಾರ್ಖಾನೆಗೆ ಸೇರಿದ್ದ. ಗಣಿತದ ಮೇಷ್ಟರು ಅಲ್ಲಿ ಗುಂಡಿಗೆ ಫ್ಯೂಸು ಜೋಡಿಸುತ್ತಿದ್ದರು. ಹಲ್ಲಿನ ಡಾಕ್ಟರ ನರ್ಸು ಅಲ್ಲಿ ಪೆಟ್ಟಿಗೆ ಎಣಿಸುತ್ತಿದ್ದಳು. ಬಾಡಿಗೆ ಮನೆ ಸಿಗುತ್ತಿರಲಿಲ್ಲ. ಅರ್ಧ ಪೊಲೀಸ್ ಠಾಣೆ ರಾಜೀನಾಮೆ ಕೊಟ್ಟು ಕಾವಲಿಗೆ ಹೋಗಿತ್ತು. ಉಳಿದರ್ಧ ಅರ್ಜಿ ಹಾಕಿ ಕಾಯುತ್ತಿತ್ತು. ನನ್ನಂಥ ಖಾಸಗಿ ಪತ್ತೇದಾರನ ಗತಿ ಕೇಳಬೇಡಿ... ಹೆಂಡತಿಗೆ ಮೋಸ ಮಾಡಲು ಗಂಡಸರಿಗೆ ಪುರುಸೊತ್ತೇ ಇರಲಿಲ್ಲ. ಎಲ್ಲರೂ ಓವರ್‌ಟೈಮು.

ಗುಲಾಬಿ ಎಣ್ಣೆಯ ದರ ಗೊತ್ತುಮಾಡುವವರು ಪ್ಯಾರಿಸ್ಸಿನ ಸೆಂಟಿನವರು. ಗುಂಡಿನ ದರ ಗೊತ್ತುಮಾಡುವುದು ಹೆದರಿಕೆ. ಕೂಲಿಯವರು ಯಾವ ಕಡೆ ಹೋಗುತ್ತಾರೆಂದು ಹೇಳಲು ಪತ್ತೇದಾರ ಬೇಕಿಲ್ಲ.

ಆದರೆ ಒಂದು ವಿಷಯ ನನ್ನನ್ನು ಚುಚ್ಚುತ್ತಿತ್ತು.

ನಾನು ರಸ್ತೆ ಬದಿಯಲ್ಲಿ ನಿಂತಿದ್ದಂತೆಯೇ ಬೇರೆ ಹೊಲಗಳ ಬಸ್ಸುಗಳು ಒಂದರ ಹಿಂದೆ ಒಂದು ಹೋದವು. ತುಂಬಿದ ಬಸ್ಸುಗಳು. ಯಾರೂ ತಡೆಯಲಿಲ್ಲ. ಕಾರ್ಖಾನೆಗೆ ಜನವೇ ಬೇಕಿದ್ದರೆ ಡೋನ್ಕಾಳ ಬಸ್ಸೊಂದೇ ಯಾಕೆ?

ಅವಳ ಹೊಲಕ್ಕೆ ನಡೆದು ಹೋದೆ. ಬಿಸಿಲು ಏರಿತ್ತು. ಇಡೀ ಹೊಲ ಅರಳಿ ನಿಂತಿತ್ತು. ಹೂವಿನ ಎಣ್ಣೆ ಬಿಸಿಲಿಗೆ ಹಾರಿಹೋಗುತ್ತದೆ. ಆ ದಿನದ ಹೂವು ಆ ದಿನವೇ ಸತ್ತ ಹಾಗೆ. ಬಂದೂಕಿನ ಕತೆ ಹೇಳಿದೆ. ಡೋನ್ಕಾ ಅಳಲಿಲ್ಲ. ನನ್ನ ಕಿವಿ ನೋಡಿದಳು.

"ಕಿವಿ ಇದೆ. ಬಸ್ಸೆಲ್ಲಿ?"

ಹುಡುಕುತ್ತೇನೆ ಎಂದೆ.

"ನಿನಗಿಂತ ನಾಯಿ ಸಾಕಿದ್ರೆ ವಾಸಿಯಿತ್ತು," ಎಂದಳು. "ಬೊಗಳೋದಾದ್ರೂ ಬೊಗಳ್ತಿತ್ತು."

ಬಸ್ಸು ಸಿಕ್ಕಿತು. ಊರಾಚೆ ಬಿಸಿನೀರಿನ ಬುಗ್ಗೆಯ ಹತ್ತಿರ ಮುಚ್ಚಿಹೋದ ಹಳೆಯ ಹೋಟೆಲೊಂದಿದೆ. ಅದರ ಹಿಂದೆ ನಿಂತಿತ್ತು. ಮುಂಬಾಗಿಲಲ್ಲಿ ಕ್ರುಮ್‌ನ ಇಬ್ಬರು ಗೆಳೆಯರು ಕೂತಿದ್ದರು. ಬಟ್ಟೆ ಒಗೆಯುವ ಕೋಣೆಯ ಹಿಂಬಾಗಿಲಲ್ಲಿ ಯಾರೂ ಇರಲಿಲ್ಲ. ನುಗ್ಗಿದೆ.

ಒಳಗೆ ನಮ್ಮವರೆಲ್ಲ ನೀಲಿ ಯೂನಿಫಾರ್ಮು ತೊಟ್ಟು ಇಸ್ಪೀಟು ಆಡುತ್ತಿದ್ದರು. ನಜ್ಮಿಯೆ ಬಿಸಿನೀರಿನ ತೊಟ್ಟಿಯಲ್ಲಿ ಕಾಲು ಇಳಿಬಿಟ್ಟು ಚೀಸು ತುಂಬಿದ ಪದರುಪದರಾದ ಬಾನಿತ್ಸಾ ತಿನ್ನುತ್ತಿದ್ದಳು. ಅವರ ಹಳೆಯ ಬಟ್ಟೆಗಳನ್ನು ಒಗೆಯುತ್ತೇವೆಂದು ಯಾರೋ ಒಯ್ದಿದ್ದರಂತೆ.

ಏನು ಕೆಲಸ ಎಂದು ಕೇಳಿದೆ.

"ತರಬೇತಿ," ಎಂದಳು.

"ಏನು ಕಲಿಸಿದರು?"

"ಊಟದ ಹೊತ್ತು." ಇನ್ನೊಂದು ತುಂಡು ಬಾಯಿಗಿಟ್ಟುಕೊಂಡಳು. "ಗುರುವಾರ ಮಧ್ಯಾಹ್ನದ ತನಕ ಯಾರೂ ಹೊರಗೆ ಹೋಗ್ಬಾರ್ದಂತೆ."

ನನ್ನ ತಲೆಯಲ್ಲಿ ಗಂಟೆ ಬಾರಿಸಿತು. ಮದ್ದುಗುಂಡಿನ ಕೆಲಸಕ್ಕೆ ಪೊಲೀಸ್ ಪರಿಶೀಲನೆ ಆಗಬೇಕು. ಆ ಕಾಗದಗಳಿಗೆ ನಾನೇ ಸೀಲು ಒತ್ತುತ್ತಿದ್ದೆ. ತಿಂಗಳು ಹಿಡಿಯುತ್ತದೆ. ಅಲ್ಲಿಯವರೆಗೆ ಯಾರಿಗೂ ಮೊಳೆ ಮುಟ್ಟಲೂ ಬಿಡುವುದಿಲ್ಲ. ಹಾಗಿದ್ದರೆ ಇವರಿಗೆ ಸಂಬಳ ಯಾವುದಕ್ಕೆ?

ಉತ್ತರ ಹೊಳೆಯುವ ಮೊದಲೇ ಒಂದು ಕೈ ನನ್ನ ಕತ್ತು ಹಿಡಿಯಿತು. ಕ್ರುಮ್.

ನನ್ನನ್ನು ಕೆಳಗಿನ ಕೆಸರು ಸ್ನಾನದ ಕೋಣೆಗೆ ಎಳೆದುಕೊಂಡು ಹೋದ. ಅಲ್ಲಿ ಪ್ಲಾಮೆನ್ ಇದ್ದ. ಕಾರ್ಖಾನೆಗೆ ಜನ, ಜಾಗ, ಜಲ್ಲಿ, ಎಲ್ಲ ಒದಗಿಸುವ ಗುತ್ತಿಗೆದಾರ. ಮೂರು ವರ್ಷದ ಹಿಂದೆ ಹಳೆಯ ಟೈರು ಮಾರುತ್ತಿದ್ದ. ಈಗ ಸೂಟು. ಸೂಟಿನ ಕೆಳಗೆ ಅದೇ ಹಳೆಯ ಬೂಟು.

ನನ್ನ ಮಂಡಿಗಳನ್ನು ನೋಡುತ್ತಲೇ ಮಾತಾಡಿದ. ಅವು ಎಷ್ಟು ವರ್ಷದಿಂದ ನನ್ನ ಜೊತೆಗಿವೆ, ಇನ್ನೂ ಎಷ್ಟು ವರ್ಷ ಇದ್ದರೆ ನನಗೆ ಇಷ್ಟ ಎಂದೆಲ್ಲ ವಿಚಾರಿಸಿಕೊಂಡ. ಕ್ರುಮ್ ಒಂದು ಕಬ್ಬಿಣದ ಪೈಪನ್ನು ಕೈಯಿಂದ ಕೈಗೆ ಬದಲಾಯಿಸುತ್ತಿದ್ದ.

"ಗುರುವಾರ ಮಧ್ಯಾಹ್ನ ಬಾ," ಎಂದ ಪ್ಲಾಮೆನ್. "ಎಲ್ಲರನ್ನೂ ಕರ್ಕೊಂಡು ಹೋಗು. ನಾನೇ ಬಸ್ಸಿಗೆ ಡೀಸೆಲ್ ಹಾಕಿಸ್ತೀನಿ."

"ಗುರುವಾರ ಬೆಳಿಗ್ಗೆ?"

"ಬೆಳಿಗ್ಗೆ ಕಂಡ್ರೆ ಮಂಡಿ ಮರೆತುಬಿಡು."

ನನ್ನನ್ನು ಬಾಗಿಲಿಂದಾಚೆ ತಳ್ಳಿದರು. ಕುಂಟಲಿಲ್ಲ. ಗುರುವಾರಕ್ಕೆ ಇನ್ನೂ ಎರಡು ದಿನವಿತ್ತು.

ನೇರ ಹೊಲಕ್ಕೆ ಹೋಗಿ ಸಾಲುಗಳ ನಡುವೆ ಅಲೆದೆ. ಗಿಡಗಳ ಬುಡದಲ್ಲಿ ಕೆಂಪು ಬಣ್ಣದ ಗೂಟಗಳು ಕಂಡವು. ಚಳಿಗಾಲದಲ್ಲಿ ಯಾರೋ ಹಳದಿ ಅಂಗಿಯವರು ಬಂದು ಹೊಡೆದು ಹೋದರೆಂದಳು ಡೋನ್ಕಾ. ನೀರಿನ ಪೈಪಿಗೆ ಎಂದಿದ್ದರಂತೆ. ನೀರಿನ ಪೈಪು ನೆಟ್ಟಗೆ ಹೋಗುತ್ತದೆ. ಈ ಗೂಟಗಳು ಬಿಲ್ಲಿನ ಹಾಗೆ ಬಾಗಿಕೊಂಡು ಹೊಲವನ್ನು ಒಳಗೆ ಹಾಕಿಕೊಂಡಿದ್ದವು. ಅವು ಸುತ್ತುತ್ತಿದ್ದದ್ದು ಎದುರಿನ ಗುಡ್ಡವನ್ನು. ಗುಡ್ಡದಲ್ಲಿ ಹೊಸದಾಗಿ ಕೊರೆದ ದೊಡ್ಡ ಬಾಯಿ... ಮದ್ದುಗುಂಡಿನ ಗೋದಾಮು.

ನಿಯಮ ನಿಮಗೆ ನನಗಿಂತ ಚೆನ್ನಾಗಿ ಗೊತ್ತಿರುತ್ತದೆ, ಸ್ವಾಮಿ. ನನಗೆ ಗೊತ್ತಾದದ್ದು ಸೈನ್ಯದಲ್ಲಿ ಅಂಥ ಗೋದಾಮು ಕಾದದ್ದರಿಂದ. ಸ್ಫೋಟವಾದರೆ ಬೆಂಕಿ ಎಲ್ಲಿಯವರೆಗೆ ಹಾರುತ್ತದೆಂದು ಒಂದು ವೃತ್ತ ಎಳೆಯುತ್ತಾರೆ. ಅದರೊಳಗೆ ಜನ ಗುಂಪು ಸೇರುವ ಜಾಗ ಇರಬಾರದು. ಇದ್ದರೆ ಗೋದಾಮಿಗೆ ಪರವಾನಗಿ ಇಲ್ಲ. ಅಂಥ ಜಾಗ ಇಲ್ಲವೆಂದು ತನಿಖಾಧಿಕಾರಿ ಸಹಿ ಹಾಕಿದರೆ, ಆಮೇಲೆ ಅಲ್ಲಿ ಯಾರೂ ಗುಂಪು ಸೇರುವಂತಿಲ್ಲ. ಕೂಲಿಯವರು ಕೂಡ.

ಅಂದರೆ ಕಾರ್ಖಾನೆ ಡೋನ್ಕಾಳ ಹೊಲ ಕೊಳ್ಳಬೇಕಾಗಿಯೇ ಇರಲಿಲ್ಲ. ಒಂದು ಬೆಳಿಗ್ಗೆ ಅದು ಖಾಲಿ ಕಂಡರೆ ಸಾಕಿತ್ತು. ಹೊಲ ಅವಳ ಹೆಸರಲ್ಲೇ ಇರುತ್ತದೆ. ಗಿಡವೂ ಅವಳದೇ. ಕೀಳುವವರು ಮಾತ್ರ ಶಾಶ್ವತವಾಗಿ ಇಲ್ಲ.

ಗುರುವಾರ ಬೆಳಿಗ್ಗೆ ರಾಜಧಾನಿ ಸೋಫಿಯಾದಿಂದ ತನಿಖಾಧಿಕಾರಿ ಬರುತ್ತಾರೆಂದು ಪುರಸಭೆಯ ಬಾಗಿಲು ಕಾಯುವವನು ಎರಡು ಸಿಗರೇಟಿಗೆ ಹೇಳಿದ.

ಡೋನ್ಕಾಳಿಗೆ ಎಲ್ಲ ವಿವರಿಸಿದೆ.

"ಕದಿಯೋದಾದ್ರೆ ಗಿಡ ಕದೀಬೇಕಿತ್ತು," ಎಂದಳು. "ನಾನೊಬ್ಬಳೇ ಇಲ್ಲಿ ಏನ್ ಮಾಡ್ಲಿ? ಮೂಸಿ ನೋಡ್ಕೊಂಡು ಕೂರ್ಲಾ?"

ಆಮೇಲೆ ತನ್ನ ಲಾರಿಯ ಕೀಲಿಕೈ ಕೊಟ್ಟಳು.

ಗುರುವಾರ ಬೆಳಕು ಹರಿಯುವ ಹೊತ್ತಿಗೆ ನಾನು ಹೋಟೆಲಿನ ಹಿಂಬಾಗಿಲಲ್ಲಿದ್ದೆ. ಕಷ್ಟ ಬಾಗಿಲಿನದಲ್ಲ, ನಜ್ಮಿಯೆಯದು. ಹಾಸಿಗೆ ಬಿಟ್ಟು ಏಳಲು ಅವಳಿಗೆ ಮನಸ್ಸಿರಲಿಲ್ಲ.

"ಹೋಗಯ್ಯಾ. ಕೂತು ತಿನ್ನೋದಕ್ಕೆ ಸಂಬಳ ಕೊಡ್ತಾರೆ. ಗುಲಾಬಿ ಏನು ಕೊಡುತ್ತೆ? ಮುಳ್ಳು."

"ನಿಮ್ಮ ತರಬೇತಿ ಇವತ್ತು ಮಧ್ಯಾಹ್ನ ಮುಗಿಯುತ್ತೆ, ಅಕ್ಕ. ತನಿಖಾಧಿಕಾರಿ ಸಹಿ ಹಾಕಿದ ಗಳಿಗೆಗೆ."

"ಆಮೇಲೆ?"

"ಆಮೇಲೆ ನೀವು ಯಾರಿಗೆ ಬೇಕು? ಹೊಲದಲ್ಲಿ ಇಲ್ಲದಿರೋದೇ ನಿಮ್ಮ ಕೆಲಸ. ಸಹಿ ಬಿದ್ದ ಮೇಲೆ ಅದನ್ನ ಪುಕ್ಕಟೆ ಮಾಡ್ತೀರಿ."

ಎದ್ದು ಕೂತಳು. ಸಹಿ ಬೀಳದಿದ್ದರೆ ಏನಾಗುತ್ತದೆಂದು ಕೇಳಿದಳು. ಆಗ ತನಿಖಾಧಿಕಾರಿ ಇನ್ನೊಮ್ಮೆ ಬರಬೇಕು, ಅಲ್ಲಿಯವರೆಗೂ ಪ್ಲಾಮೆನ್ ಇವರನ್ನು ಕೂರಿಸಿ ಸಾಕಬೇಕು ಎಂದೆ. ಅವಳು ಲೆಕ್ಕ ಹಾಕುವುದು ಮುಖದಲ್ಲೇ ಕಾಣುತ್ತಿತ್ತು.

"ಅಂದ್ರೆ... ಇವತ್ತು ಹೂವು ಕಿತ್ರೆ, ಹೂವು ಕೀಳದೇ ಇರೋ ಕೆಲಸ ಉಳಿಯುತ್ತೆ."

"ಹೌದು."

"ಯಾರ್ ಸ್ವಾಮಿ ಈ ದೇಶ ಆಳ್ತಿರೋದು?" ಎನ್ನುತ್ತಾ ಪಕ್ಕದವಳನ್ನು ಕಾಲಲ್ಲಿ ತಿವಿದು ಎಬ್ಬಿಸಿದಳು.

ಹಳೆಯ ಬಟ್ಟೆ ಇರಲಿಲ್ಲ. ಯೂನಿಫಾರ್ಮಿನಲ್ಲೇ ಹೊರಟರು. ಲಾರಿಯ ತಳದಲ್ಲಿ ಎಲ್ಲರನ್ನೂ ಕೂರಿಸಿದೆ. ತಲೆಯ ಮೇಲೆ ಟಾರ್ಪಾಲು ಬಿಗಿದೆ. ಅದರ ಮೇಲೆ ಗುಲಾಬಿ ಚೀಲಗಳ ರಾಶಿ. ಚೀಲಗಳೊಳಗೆ ಹೋಟೆಲಿನ ದಿಂಬುಗಳು.

ಹೊಲದ ತಿರುವಿಗೆ ಒಂದು ಮೈಲಿ ಇರುವಾಗ ಜೀಪು ಕಂಡಿತು. ರಸ್ತೆಗೆ ಅಡ್ಡ. ಬಾನೆಟ್ಟಿನ ಮೇಲೆ ಕ್ರುಮ್, ತೊಡೆಯ ಮೇಲೆ ಬಂದೂಕು. ಪಕ್ಕದಲ್ಲಿ ಕಾಲುವೆ. ಹಿಂದಕ್ಕೆ ತಿರುಗಿಸಲು ಜಾಗವಿಲ್ಲ.

ಟೋಪಿಯನ್ನು ಕಣ್ಣಿನವರೆಗೆ ಎಳೆದುಕೊಂಡೆ. ಹಾರ್ನು ಒತ್ತಿ ಹಿಡಿದೆ. ವೇಗ ಇಳಿಸಲಿಲ್ಲ.

ಮೇ ತಿಂಗಳಲ್ಲಿ ನಮ್ಮ ಕಣಿವೆಯ ರಸ್ತೆಗಳಲ್ಲಿ ಹೂವಿನ ಲಾರಿಗೆ ಎಲ್ಲರೂ ದಾರಿ ಬಿಡುತ್ತಾರೆ. ಮಂತ್ರಿಯೂ ಬಿಡುತ್ತಾನೆ, ಹೆಣದ ಗಾಡಿಯೂ ಬಿಡುತ್ತದೆ. ಬಿಸಿಲೇರುವ ಮೊದಲು ಹೂವು ಎಣ್ಣೆ ತೆಗೆಯುವ ಭಟ್ಟಿಗೆ ಸೇರಬೇಕು. ಇದನ್ನು ಇಲ್ಲಿ ಯಾರಿಗೂ ಯಾರೂ ಕಲಿಸುವುದಿಲ್ಲ. ನಡೆಯಲು ಕಲಿಯುವಾಗಲೇ ಬಂದುಬಿಡುತ್ತದೆ.

ಕ್ರುಮ್ ಚೀಲಗಳ ರಾಶಿ ನೋಡಿದ. ಬಾನೆಟ್ಟಿನಿಂದ ಹಾರಿದ. ಜೀಪನ್ನು ಕಾಲುವೆಯ ಅಂಚಿಗೆ ಸರಿಸಿದ. ಎಂಜಿನ್ ಕೂಡ ಆರಿಸಿದ. ಒಳ್ಳೆಯ ಮನೆತನದ ಹುಡುಗ. ಕೈ ಬೀಸಿ ನನ್ನನ್ನು ಮುಂದೆ ಕಳಿಸಿದ.

ಕನ್ನಡಿಯಲ್ಲಿ ನೋಡಿದೆ. ಬೀಸುತ್ತಿದ್ದ ಕೈ ಅರ್ಧದಲ್ಲಿ ನಿಂತಿತು.

ತುಂಬಿದ ಚೀಲಗಳು ಹೊಲದಿಂದ ಭಟ್ಟಿಗೆ ಹೋಗುತ್ತವೆ. ಈ ಲಾರಿ ಭಟ್ಟಿಯ ಕಡೆಯಿಂದ ಹೊಲಕ್ಕೆ ಹೋಗುತ್ತಿತ್ತು.

ಗುಂಡು ಹಾರಿತು. ಹಿಂದಿನ ಚೀಲವೊಂದು ಸಿಡಿದು ರಸ್ತೆಯ ತುಂಬ ಬಾತುಕೋಳಿಯ ಪುಕ್ಕ ಹರಡಿತು. ಅವನು ಜೀಪು ತಿರುಗಿಸುವಷ್ಟರಲ್ಲಿ ಎದುರಿನಿಂದ ನಿಜವಾದ ಹೂವಿನ ಲಾರಿಗಳು ಸಾಲಾಗಿ ಬಂದವು. ಒಂದು, ಇನ್ನೊಂದು, ಮತ್ತೊಂದು... ಕ್ರುಮ್ ಪ್ರತಿಯೊಂದಕ್ಕೂ ದಾರಿ ಬಿಟ್ಟ.

ತನಿಖಾಧಿಕಾರಿ ಬಂದಾಗ ಹೊಲದ ತುಂಬ ಜನ. ಎಲ್ಲರೂ ನೀಲಿ ಯೂನಿಫಾರ್ಮಿನಲ್ಲಿ. ಬೆನ್ನ ಮೇಲೆ ಕಾರ್ಖಾನೆಯ ಹೆಸರು. ನಜ್ಮಿಯೆ ಸೊಂಟಕ್ಕೆ ಕಟ್ಟಿದ ಚೀಲದಲ್ಲಿ ಹೂವು ತುಂಬುತ್ತಾ ಅವರಿಗೆ ನಮಸ್ಕಾರ ಹೇಳಿದಳು. ಅಧಿಕಾರಿ ಅವಳ ಬೆನ್ನಿನ ಅಕ್ಷರ ಓದಿದರು. ಆಮೇಲೆ ಜೊತೆಗಿದ್ದ ಪ್ಲಾಮೆನ್ ಕಡೆ ತಿರುಗಿ, ಇವರು ನಿಮ್ಮವರೇ ಎಂದು ಕೇಳಿದರು.

ಪ್ಲಾಮೆನ್‌ನ ಬಾಯಿ ತೆರೆಯಿತು. ಹೌದೆಂದರೆ ಅವನದೇ ಜನ ವೃತ್ತದೊಳಗೆ. ಅಲ್ಲವೆಂದರೆ ಬೇರೆ ಜನ ವೃತ್ತದೊಳಗೆ. ಬಾಯಿ ಮುಚ್ಚಿತು.

ಸಹಿ ಬೀಳಲಿಲ್ಲ. ಹೂವಿನ ಕಾಲದಲ್ಲೇ ನೋಡಬೇಕು, ಮುಂದಿನ ಮೇ ತಿಂಗಳಿಗೆ ಬರುತ್ತೇನೆಂದು ಹೇಳಿ ಕಾರು ಹತ್ತಿದರು. ಆ ವರ್ಷ ಡೋನ್ಕಾಳ ಹೂವು ಭಟ್ಟಿ ಸೇರಿತು. ಮೊದಲು ಇಳಿಸಿದ್ದ ಅರ್ಧ ಫೀಸಿನ ಬದಲು ಒಂದು ಬಾಟಲಿ ಪನ್ನೀರು ಕೊಟ್ಟಳು. ಕುಡಿಯಲು ಬರುವುದಿಲ್ಲ.

ಮಂಡಿಗಳಿಗೆ ಏನೂ ಆಗಲಿಲ್ಲ. ಪ್ಲಾಮೆನ್ ಒಂದು ಸಂಜೆ ರಾಕಿಯಾ ಸಾರಾಯಿಯ ಬಾಟಲಿ ಹಿಡಿದು ಮನೆಗೇ ಬಂದ. ಕಾವಲಿದ್ದ ಜಾಗದಿಂದ ಅಷ್ಟು ಜನರನ್ನು ಹೊರಗೆ ತಂದವನು ಗೇಟಿನಲ್ಲಿ ನಿಂತರೆ ಇಲಿಯೂ ನುಸುಳುವುದಿಲ್ಲ ಎಂದ. ಸಂಬಳ ಹೇಳಿದ. ಲೋಟ ಖಾಲಿಯಾಗುವವರೆಗೆ ಯೋಚಿಸಿದೆ. ಸಣ್ಣ ಲೋಟ.

ನಜ್ಮಿಯೆಯ ತಂಡವನ್ನು ಇನ್ನೊಂದು ಮೇ ತಿಂಗಳವರೆಗೆ ಬರಿದೇ ಕೂರಿಸಿ ಸಾಕುವುದು ದುಬಾರಿ ಎಂದು ಅವರಿಗೆಲ್ಲ ಕೆಲಸ ಖಾಯಂ ಮಾಡಿದರು. ಪರಿಶೀಲನೆ ಮುಗಿಯಿತು. ಈಗ ಅವಳು ಗುಂಡುಗಳಿಗೆ ಬಣ್ಣ ಹೊಡೆಸುವ ಮೇಸ್ತ್ರಿ. ಬಟ್ಟೆ ಒಗೆಯುವ ಮೆಷಿನ್ ಕೊಂಡಿದ್ದಾಳೆ. ಹೊಲಕ್ಕೆ ವಾಪಸು ಹೋಗ್ತೀಯಾ ಎಂದು ಮೊನ್ನೆ ಕೇಳಿದೆ. ನನ್ನ ಬೆನ್ನನ್ನ ಕೇಳು ಎಂದಳು. ಅವಳ ಮೇಲೆ ನನಗೆ ದೂರಿಲ್ಲ. ನಾನೂ ಈ ಗೇಟಿನಲ್ಲೇ ನಿಂತಿದ್ದೇನಲ್ಲ.

ಹೋದ ವರ್ಷ ಬಂದಿದ್ದ ಅಧಿಕಾರಿ ನಿವೃತ್ತರಾದರಂತೆ. ಅವರ ಜಾಗಕ್ಕೆ ನೀವು ಬಂದಿದ್ದೀರಿ. ನಿಮ್ಮ ಪಾಸು ತಯಾರಾಗಲು ಇಷ್ಟು ಹೊತ್ತು ಬೇಕಿರಲಿಲ್ಲ, ಸ್ವಾಮಿ. ನಾನೇ ತಡಮಾಡಿದೆ. ಗುಡ್ಡದ ಮೇಲಿಂದ ನೋಡಿದರೆ ಹೊಲ ಕಾಣುತ್ತದೆ. ಪೂರ್ತಿ ಅರಳಿದೆ. ಒಬ್ಬಳು ಹೆಂಗಸು ಒಂದು ಚೀಲ ಕಟ್ಟಿಕೊಂಡು ಸಾಲಿನಿಂದ ಸಾಲಿಗೆ ಓಡಾಡುತ್ತಿರುತ್ತಾಳೆ. ನಿಯಮದ ಪ್ರಕಾರ ಒಬ್ಬಳು ಅಂದರೆ ಗುಂಪಲ್ಲ.

ಲೈಟರು ಇಲ್ಲಿ ಇಡಿ. ಫೋನೂ ಇಲ್ಲೇ ಇರಲಿ.

ಪೆನ್ನು? ಒಯ್ಯಬಹುದು. ಅದರಿಂದ ಅಪಾಯವಿಲ್ಲ ಅಂತ ನಿಯಮದಲ್ಲಿದೆ.