ಕೂಗದ ಸೈರನ್

ಮುಖವಾಡ ಹಾಕಿಕೊಂಡು ಒಳಗೆ ನುಗ್ಗಿದ ಅಗ್ನಿಶಾಮಕದವರಿಗೆ ಮೊದಲು ಸಿಕ್ಕಿದ್ದು ಕರಿಯಮ್ಮ. ಆಲೂಗಡ್ಡೆ ರಾಶಿಯ ಪಕ್ಕ ಮಗ್ಗುಲಾಗಿ ಬಿದ್ದಿದ್ದಳು. ಸೆರಗನ್ನು ಬಾಯೊಳಗೆ ತುರುಕಿಕೊಂಡಿದ್ದಳು. ಉಸಿರಿರಲಿಲ್ಲ.

ಮಿಷನ್ ರೂಮಿನಲ್ಲಿ ಇನ್ನೊಂದು ಹೆಣ. ಆಪರೇಟರ್ ರುದ್ರಮೂರ್ತಿ. ಮಂಡಿಯೂರಿ ಕೂತಿದ್ದ. ಎರಡೂ ಕೈ, ಗೋದಾಮನ್ನು ತಣ್ಣಗಿಡುವ ಅಮೋನಿಯಾ ಟ್ಯಾಂಕಿನ ವಾಲ್ವ್ ಚಕ್ರದ ಮೇಲಿದ್ದವು. ಬೆರಳುಗಳನ್ನು ಒಂದೊಂದಾಗಿ ಬಿಡಿಸಬೇಕಾಯಿತು.

ಅಜ್ಜಂಪುರ ಠಾಣೆಯ ಸಬ್ ಇನ್‌ಸ್ಪೆಕ್ಟರ್ ತನುಜಾ ಹೊರಗಿನ ಗೇಟಿನ ಹತ್ತಿರ ಒದ್ದೆ ಟವಲ್ಲನ್ನು ಮೂಗಿಗೆ ಒತ್ತಿಕೊಂಡು ನಿಂತಿದ್ದಳು. ಕಣ್ಣು ಉರಿಯುತ್ತಿತ್ತು. ಗಂಟಲೊಳಗೆ ಕೆಂಡ ಇಟ್ಟ ಹಾಗಿತ್ತು. ಶಿವನಿ ರಸ್ತೆಯ ಆ ಕೋಲ್ಡ್ ಸ್ಟೋರೇಜಿನ ಮುಂದೆ ಸುತ್ತಲಿನ ಹಳ್ಳಿಗಳೆಲ್ಲ ಬಂದು ಸೇರಿದ್ದವು. ಒಳಗೆ ಆಲೂಗಡ್ಡೆ ಆರಿಸಲು ಹೋದ ಹೆಂಗಸರ ಹೆಸರು ಹಿಡಿದು ಜನ ಕೂಗುತ್ತಿದ್ದರು.

ಗೋಡೆಗೆ ಒರಗಿ ಮ್ಯಾನೇಜರ್ ಕೃಷ್ಣಸ್ವಾಮಿ ಕೂತಿದ್ದರು. ಐವತ್ತು ದಾಟಿದ ಮನುಷ್ಯ. ಮುಖ ಸುಟ್ಟು ಕೆಂಪಾಗಿತ್ತು. ಗ್ಯಾಸ್ ತುಂಬಿದ ಕಟ್ಟಡಕ್ಕೆ ಮತ್ತೆ ಮತ್ತೆ ನುಗ್ಗಿ ನಾಲ್ಕು ಹೆಂಗಸರನ್ನು ಹೆಗಲ ಮೇಲೆ ಹೊತ್ತು ತಂದಿದ್ದರು. ಜನ ಅವರ ಕಾಲು ಮುಟ್ಟುತ್ತಿದ್ದರು. ಆಂಬುಲೆನ್ಸ್ ಹತ್ತಲು ಅವರು ಒಪ್ಪಿರಲಿಲ್ಲ.

“ಕರಿಯಮ್ಮ ಒಬ್ಳು ಸಿಗ್ಲಿಲ್ಲ ಮೇಡಂ,” ಎಂದು ಅದೊಂದನ್ನೇ ಹೇಳುತ್ತಿದ್ದರು. “ಹೊಗೆಯೊಳಗೆ ಕಾಣ್ಲೇ ಇಲ್ಲ.”

ಕಡೂರಿನಿಂದ ಮಾಲೀಕ ಓಂಕಾರೇಶ್ ಕಾರಿನಲ್ಲಿ ಬಂದಿಳಿದ. ಹೆಣಗಳನ್ನು ನೋಡಿದವನೇ ರಸ್ತೆಯಲ್ಲೇ ಕುಸಿದ.

“ಸೈರನ್ ಇತ್ತಲ್ಲ ಸ್ವಾಮಿ! ಅಷ್ಟೆಲ್ಲ ಹಾಕ್ಸಿದ್ನಲ್ಲ! ಅದ್ಯಾಕೆ ಕೂಗ್ಲಿಲ್ಲ?”

ಜನ ಅವನನ್ನು ಎಬ್ಬಿಸಿ ನೆರಳಿಗೆ ಕರೆದೊಯ್ದರು.

* * *

ಮರುದಿನ ಬೆಳಗ್ಗೆ ತನುಜಾ ಸೀಲ್ ಒಡೆದು ಮಿಷನ್ ರೂಮಿನೊಳಗೆ ಕಾಲಿಟ್ಟಳು. ಜೊತೆಗೆ ಹೆಡ್ ಕಾನ್‌ಸ್ಟೇಬಲ್ ಕಲ್ಲೇಶ್, ಓಂಕಾರೇಶ್, ಕೃಷ್ಣಸ್ವಾಮಿ. ಸೈರನ್ ವ್ಯವಸ್ಥೆ ಹಾಕಿಕೊಟ್ಟ ಕಂಪನಿಯ ಎಂಜಿನಿಯರ್ ಆಕರ್ಷ್ ಬೆಳಗಿನ ರೈಲಿಗೆ ಬೀರೂರಿನಲ್ಲಿ ಇಳಿದು ನೇರ ಬಂದಿದ್ದ.

ನೆಲವೆಲ್ಲ ಅಗ್ನಿಶಾಮಕದವರು ಸುರಿದ ನೀರು. ಗೋಡೆಯ ಮೇಲೆ ದೇವರ ಫೋಟೋ, ಅದರ ಮುಂದೆ ನೀಲಿಗಟ್ಟಿದ ಒಂದು ಪುಟ್ಟ ಗಂಟೆ. ಟೂಲ್ಸ್ ಪೆಟ್ಟಿಗೆಗೆ ಹಸಿರು ಹಿಡಿದ ಬೀಗ. ಮಿಷನ್ನಿನ ಮೇಲ್ಗಡೆ, ಹೊಳೆಯುವ ಹಳದಿ ನಟ್ಟಿನ ಮೇಲೆ ಕೂರಿಸಿದ ಬಿಳಿ ಡಬ್ಬಿಯೊಂದು.

“ಅದೇ ಸೆನ್ಸರ್,” ಎಂದ ಆಕರ್ಷ್. “ಗ್ಯಾಸ್ ವಾಸನೆ ಸಿಕ್ಕಿದ ತಕ್ಷಣ ಸೈರನ್ ಕೂಗುತ್ತೆ. ಮಿಷನ್ ತಾನಾಗೇ ನಿಲ್ಲುತ್ತೆ. ಮನುಷ್ಯರು ಏನೂ ಮಾಡಬೇಕಾಗಿಲ್ಲ.”

ಮೊದಲು ಇಲ್ಲಿ ಮೂವರು ಆಪರೇಟರುಗಳಿದ್ದರು. ವರ್ಷದ ಹಿಂದೆ ಈ ವ್ಯವಸ್ಥೆ ಬಂತು. ಇಬ್ಬರು ಮನೆಗೆ ಹೋದರು. ಉಳಿದವನು ರುದ್ರಮೂರ್ತಿ ಒಬ್ಬನೇ.

ಆಕರ್ಷ್ ಮೇನ್ ಸ್ವಿಚ್ಚನ್ನೂ ಪ್ಯಾನಲ್ಲಿನ ಇನ್ನೊಂದು ಸ್ವಿಚ್ಚನ್ನೂ ಹಾಕಿ, ಚೀಲದಿಂದ ಅಮೋನಿಯಾದ ಸಣ್ಣ ಬಾಟಲಿ ತೆಗೆದು ಸೆನ್ಸರಿನ ಮುಂದೆ ಹಿಡಿದ. ಸೈರನ್ ಕಿವಿ ಹರಿಯುವ ಹಾಗೆ ಕೂಗಿತು. ಗೇಟಿನ ಹೊರಗಿದ್ದ ಜನ ಚೀರಿಕೊಂಡು ಓಡಿದರು.

“ನೋಡಿದ್ರಲ್ಲ? ನಮ್ಮದು ಸರಿಯಾಗೇ ಇದೆ. ನಾನು ಬಂದಾಗ ಈ ಪ್ಯಾನಲ್‌ನಲ್ಲಿ ಸೈರನ್ ಸ್ವಿಚ್ ಆಫ್ ಆಗಿತ್ತು. ಯಾರೋ ಬೇಕಂತಲೇ ಆಫ್ ಮಾಡಿದ್ದಾರೆ.”

“ನಾನು ಹೇಳಲಿಲ್ವಾ ಮೇಡಂ,” ಕೃಷ್ಣಸ್ವಾಮಿಯ ದನಿ ಒಡೆದಿತ್ತು. “ನಿನ್ನೆ ಸೈರನ್ ಒಂದ್ಸಲ ಕೂಗ್ತು. ನನ್ನ ಕಿವಿಯಾರೆ ಕೇಳಿದೀನಿ. ತಕ್ಷಣ ನಿಂತೋಯ್ತು. ಒಳಗಿದ್ದಿದ್ದು ರುದ್ರಮೂರ್ತಿ ಒಬ್ನೇ. ಹೋದ ವಾರ ಕೂಗಾಡಿದ್ದ, ‘ಈ ಮಿಷನ್ ಎಲ್ರನ್ನೂ ಸಾಯ್ಸುತ್ತೆ ನೋಡ್ತಿರಿ’ ಅಂತ. ಅವನ ಜೊತೆಯವರನ್ನ ತೆಗೆದು ಹಾಕಿದ್ದಕ್ಕೆ ಒಳಗೊಳಗೇ ಕುದೀತಿದ್ದ.”

“ಸೈರನ್ ಆಫ್ ಮಾಡಿ, ವಾಲ್ವ್ ತೆರೆದು, ತಾನೂ ಅಲ್ಲೇ ಸತ್ತನಾ?” ಎಂದಳು ತನುಜಾ.

“ಓಡಿ ಹೋಗೋ ಅಷ್ಟ್ರಲ್ಲಿ ಗ್ಯಾಸ್ ಹಿಡ್ಕೊಂಡಿರ್ಬೇಕು.”

ವಾಲ್ವ್ ಅರ್ಧಕ್ಕೆ ನಿಂತಿತ್ತು. ತನುಜಾ ಅದನ್ನು ಒಮ್ಮೆ ನೋಡಿದಳು. ಮಾತೆಲ್ಲ ಒಂದಕ್ಕೊಂದು ಸರಿಯಾಗಿ ಕೂಡುತ್ತಿತ್ತು. ಸತ್ತವನ ಕಡೆಯಿಂದ ಮಾತಾಡುವವರು ಅಲ್ಲಿ ಯಾರೂ ಇರಲಿಲ್ಲ.

* * *

ತರೀಕೆರೆಯ ಸರ್ಕಾರಿ ಆಸ್ಪತ್ರೆಯಲ್ಲಿ ಹುಲಿಯಮ್ಮ ಕಣ್ಣಿಗೆ ಬಟ್ಟೆ ಕಟ್ಟಿಸಿಕೊಂಡು ಮಲಗಿದ್ದಳು. ಕೃಷ್ಣಸ್ವಾಮಿ ಮೊದಲು ಹೊತ್ತು ತಂದದ್ದು ಅವಳನ್ನೇ. ದೃಷ್ಟಿ ಮರಳುವ ಬಗ್ಗೆ ಡಾಕ್ಟರು ಏನೂ ಹೇಳುತ್ತಿರಲಿಲ್ಲ.

“ಸೈರನ್ ಕೇಳಿಸ್ತಾಮ್ಮ ನಿಂಗೆ?” ತನುಜಾ ಕೇಳಿದಳು.

“ಇಲ್ಲ ಕಣವ್ವ. ಮೂಗಿಗೆ ಖಾರದಪುಡಿ ತುಂಬ್ದಂಗಾಯ್ತು, ಅಷ್ಟೇ ಗೊತ್ತು. ಆಲೂಗಡ್ಡೆ ಮಿಷನ್ ಸದ್ದು ಬ್ಯಾರೆ ಇತ್ತು. ಕೂಗಿದ್ರೂ ಕೂಗಿರ್ಬೋದು.”

“ಹೋದ ವಾರ ರುದ್ರಮೂರ್ತಿ ಕೂಗಾಡಿದ್ನಂತೆ.”

“ಹೂಂ. ‘ಅದನ್ನ ತಂದು ಹಾಕಿ, ಇಲ್ದಿದ್ರೆ ಈ ಮಿಷನ್ ಎಲ್ರನ್ನೂ ಸಾಯ್ಸುತ್ತೆ’ ಅಂದ.”

ತನುಜಾ ಮುಂದಕ್ಕೆ ಬಾಗಿದಳು. “ಏನನ್ನ ತಂದು ಹಾಕಬೇಕಿತ್ತು?”

“ಅದು ಗೊತ್ತಾಗ್ಲಿಲ್ಲ ಕಣವ್ವ.”

“ಯಾರಿಗೆ ಹೇಳಿದ?”

“ಆಫೀಸ್ ಬಾಗ್ಲು ಹಾಕಿತ್ತು. ಮ್ಯಾನೇಜ್ರು ಇದ್ರು. ಅವತ್ತು ಓನರ್ರೂ ಬಂದಿದ್ರು.” ಹುಲಿಯಮ್ಮ ಕಣ್ಣಿನ ಬಟ್ಟೆ ಮುಟ್ಟಿ ನೋಡಿಕೊಂಡಳು. “ಮ್ಯಾನೇಜ್ರು ಸ್ವಾಮಣ್ಣೋರು ದೇವ್ರು ಕಣವ್ವ. ಅವ್ರು ಇಲ್ದಿದ್ರೆ ನಾನು ಕರಿಯಮ್ಮನ ಜೊತೇಲೆ ಹೋಗಿರ್ತಿದ್ದೆ.”

* * *

ರುದ್ರಮೂರ್ತಿಯ ಹೆಣ ಊರೊಳಗೆ ಹೋಗಲೇ ಇಲ್ಲ. ಊರ ಬಾಗಿಲಲ್ಲಿ ಜನ ಎತ್ತಿನಗಾಡಿ ಅಡ್ಡ ನಿಲ್ಲಿಸಿದ್ದರು. ಆಂಬುಲೆನ್ಸ್ ಬಿಸಿಲಿನಲ್ಲಿ ನಿಂತಿತ್ತು. ಒಳಗೆ ಐಸಿನ ಪೆಟ್ಟಿಗೆಯ ಪಕ್ಕ ಅವನ ಹೆಂಡತಿ ತೀರ್ಥಮ್ಮ.

“ಕೊಲೆಗಾರನಿಗೆ ಈ ಊರಲ್ಲಿ ಮಣ್ಣಿಲ್ಲ,” ಎಂದು ಒಬ್ಬ ಹಿರಿಯ ತನುಜಾಳ ಮುಖಕ್ಕೇ ಹೇಳಿದ. “ಕರಿಯಮ್ಮನ ಮಕ್ಳು ಅಳ್ತಾ ಕೂತವೆ. ಅವರ ಕಣ್ಮುಂದೆ ಇವನನ್ನ ಮೆರವಣಿಗೆ ಮಾಡನಾ?”

“ತನಿಖೆ ಮುಗಿದಿಲ್ಲ ಯಜಮಾನ್ರೆ.”

“ಮುಗಿಯೋದೇನಿದೆ? ಮ್ಯಾನೇಜ್ರೇ ಕೇಳಿದಾರಂತಲ್ಲ!”

ತೀರ್ಥಮ್ಮ ಇಳಿಯಲಿಲ್ಲ. ಅಳಲೂ ಇಲ್ಲ. ತನುಜಾ ಹತ್ತಿರ ಹೋದಾಗ ಮಡಿಲಿನಿಂದ ಒಂದು ಬೀಗದಕೈ ಗೊಂಚಲು ತೆಗೆದು ಮುಂದೆ ಹಿಡಿದಳು.

“ಇದು ನಮ್ಮನೇದೇನಾ ನೋಡವ್ವ. ಆಸ್ಪತ್ರೇಲಿ ಬೇರೆಯೋರ್ದು ಕೊಟ್ರೋ ಏನೋ. ನಿನ್ನೆ ಬೆಳಗ್ಗೆ ಹೋಗೋವಾಗ ಹಿತ್ತಾಳೆ ಫಳಫಳ ಅಂತಿತ್ತು. ಈಗ ನೋಡು, ಮೈಲುತುತ್ತದ ಥರಾ ನೀಲಿ ತಿರುಗೈತೆ.”

ತನುಜಾ ಬೀಗದಕೈಯನ್ನು ತಿರುಗಿಸಿ ನೋಡಿದಳು. ಒದ್ದೆ ಕಿಸೆಯಲ್ಲಿ, ಆ ಗ್ಯಾಸಿನೊಳಗೆ ಇದ್ದ ಹಿತ್ತಾಳೆ. ಹಾಗೇ ನಿಂತುಬಿಟ್ಟಳು. ನೀಲಿಗಟ್ಟಿದ ಗಂಟೆ. ಹಸಿರು ಹಿಡಿದ ಬೀಗ. ಮತ್ತೆ ಆ ಹಳದಿ ನಟ್ಟು.

“ಕಲ್ಲೇಶ್, ಜೀಪ್ ತಿರುಗಿಸಿ. ಬೆಳಗ್ಗೆ ಇದ್ದವರೆಲ್ಲರನ್ನೂ ಮಿಷನ್ ರೂಮಿಗೆ ಕರೆಸಿ. ತೀರ್ಥಮ್ಮ, ನೀವೂ ಬನ್ನಿ. ಯಜಮಾನ್ರೆ, ನೀವೂ.”

* * *

ಮಧ್ಯಾಹ್ನದ ಹೊತ್ತಿಗೆ ಎಲ್ಲರೂ ಸೇರಿದರು. ತನುಜಾ ಮೊದಲು ಆಕರ್ಷನ ಕಡೆ ತಿರುಗಿದಳು.

“ಅಮೋನಿಯಾ ತಗುಲಿದರೆ ಹಿತ್ತಾಳೆ ಏನಾಗುತ್ತೆ?”

“ಬಣ್ಣ ಕೆಡುತ್ತೆ. ನೀರೂ ಬಿದ್ದರೆ ಬೇಗ ನೀಲಿ, ಹಸಿರು...” ಅವನ ಮಾತು ಅಲ್ಲಿಗೇ ನಿಂತಿತು. ಅವನ ಕಣ್ಣು ಮೇಲೆ ಸೆನ್ಸರಿನ ಕಡೆ ಹೋಯಿತು.

“ಗಂಟೆ ನೋಡಿ. ಬೀಗ ನೋಡಿ. ಸತ್ತವನ ಕಿಸೆಯಲ್ಲಿದ್ದ ಬೀಗದಕೈ ನೋಡಿ. ಈ ರೂಮಿನ ಹಿತ್ತಾಳೆಯೆಲ್ಲ ಕೆಟ್ಟಿದೆ. ನಿಮ್ಮ ಸೆನ್ಸರಿನ ಹಿತ್ತಾಳೆ ನಟ್ಟು ಮಾತ್ರ ಹೊಸದರ ಹಾಗಿದೆ. ಅಷ್ಟೊಂದು ಗ್ಯಾಸ್ ಕುಡಿದ ಸೆನ್ಸರ್ ಇವತ್ತು ಅಷ್ಟು ಚೆನ್ನಾಗಿ ಕೂಗಬೇಕಿತ್ತಾ?”

ಆಕರ್ಷ್ ಬೆವರಿದ. “ಇಲ್ಲ. ಕೆಟ್ಟು ಹೋಗಬೇಕಿತ್ತು. ನಾನು ಬೆಳಗ್ಗೆ... ಕೂಗಿತಲ್ಲ, ಕಂಪನಿ ಉಳೀತು ಅಂತ ಖುಷಿಯಲ್ಲಿ ಯೋಚನೆ ಮಾಡಲಿಲ್ಲ ಮೇಡಂ.”

“ಅಂದರೆ ಗ್ಯಾಸ್ ಸೋರಿದಾಗ ಈ ಸೆನ್ಸರ್ ಇಲ್ಲಿರಲಿಲ್ಲ. ಆಮೇಲೆ ಯಾರೋ ತಂದು ಹಾಕಿದ್ದಾರೆ. ಕಲ್ಲೇಶ್, ಅಗ್ನಿಶಾಮಕದವರು ಹೋದ ಮೇಲೆ, ಸೀಲ್ ಹಾಕುವ ಮುಂಚೆ ಯಾರು ಒಳಗೆ ಬಂದಿದ್ರು?”

“ಮೇನ್ ಸ್ವಿಚ್ ತೆಗೀಬೇಕು ಅಂದ್ರು ಮೇಡಂ. ಓನರ್ರು ಒಂದ್ಸಲ ಹೋಗಿ ಬಂದ್ರು, ಆಮೇಲೆ ಮ್ಯಾನೇಜ್ರು ಹೋದ್ರು. ಬಿಟ್ಬಿಟ್ಟೆ. ತಪ್ಪಾಯ್ತು.”

ಓಂಕಾರೇಶನ ಮುಖ ಬಿಳಿಚಿತು. “ಮೇಡಂ, ನಾನು ಅದನ್ನ ಮುಟ್ಟೇ ಇಲ್ಲ. ಅದು ಎಲ್ಲಿದೆ ಅಂತ್ಲೂ ಸರಿಯಾಗಿ ಗೊತ್ತಿಲ್ಲ.”

“ನಂಬ್ತೀನಿ. ಯಾಕಂದ್ರೆ ನೀವು ಬಂದ ತಕ್ಷಣ ಕೇಳಿದ್ದೇ ಸೈರನ್ ಯಾಕೆ ಕೂಗಲಿಲ್ಲ ಅಂತ. ಸೆನ್ಸರ್ ಇಲ್ಲದೆ ಸೈರನ್ ಕೂಗೋಕೆ ಸಾಧ್ಯವೇ ಇಲ್ಲ. ಯಾರಿಗೂ ಕೇಳಿಸಿಲ್ಲ. ಕೂಗಿತು, ತಕ್ಷಣ ನಿಂತಿತು ಅಂದವರು ಒಬ್ಬರೇ. ಕೂಗದೇ ಇದ್ದದ್ದನ್ನ ಕೂಗಿತು ಅಂತ ಯಾಕೆ ಹೇಳಿದ್ರಿ ಕೃಷ್ಣಸ್ವಾಮಿಯವರೇ?”

ಕೃಷ್ಣಸ್ವಾಮಿ ಸುಟ್ಟ ಕೈಗಳನ್ನು ಬೆನ್ನ ಹಿಂದಕ್ಕೆ ಸರಿಸಿಕೊಂಡರು.

“ಇನ್ನು ಈ ವಾಲ್ವ್. ಆಕರ್ಷ್, ಮಿಷನ್ ಓಡುವಾಗ ಇದು ಹೇಗಿರುತ್ತೆ?”

“ಪೂರ್ತಿ ತೆರೆದಿರುತ್ತೆ.”

“ಈಗ ಅರ್ಧ ಇದೆ. ಅವನು ತೆರೀತಿರಲಿಲ್ಲ. ಮುಚ್ಚುತ್ತಿದ್ದ. ಇದರ ಮುಂದಿನ ಆ ಪೈಪಿನ ಜಾಯಿಂಟ್ ನೋಡಿ, ಹಳೇದಾಗಿ ತಾನಾಗೇ ಒಡೆದಿದೆ. ಬಾಗಿಲು ಅವನ ಬೆನ್ನ ಹಿಂದೆಯೇ ಇತ್ತು. ಅವನು ಓಡಲಿಲ್ಲ.”

ಬಾಗಿಲಲ್ಲಿ ನಿಂತಿದ್ದ ತೀರ್ಥಮ್ಮ ಮೊದಲ ಬಾರಿಗೆ ಅತ್ತಳು. ಬಾಯಿಗೆ ಸೆರಗು ಒತ್ತಿಕೊಂಡು, ಗೋಡೆ ಹಿಡಿದು ಅತ್ತಳು. ಊರ ಹಿರಿಯ ತಲೆ ಎತ್ತಲಿಲ್ಲ.

ಕೃಷ್ಣಸ್ವಾಮಿ ನೆಲದ ಮೇಲೆ ಕೂತರು.

“ಸುಮ್ಸುಮ್ನೆ ಕೂಗ್ತಿತ್ತು ಮೇಡಂ. ಮಂಜು ಬಿದ್ರೆ ಕೂಗೋದು. ನೆಲ ತೊಳೆದ್ರೆ ಕೂಗೋದು. ಕೂಗಿದಾಗೆಲ್ಲ ಮಿಷನ್ ನಿಲ್ಲೋದು, ಹೆಂಗಸರು ಓಡೋರು, ಆಲೂಗಡ್ಡೆ ಬೆವರಿ ಮೊಳಕೆ ಒಡೆಯೋದು. ರೈತರು ನನ್ನ ಕೊರಳಪಟ್ಟಿ ಹಿಡಿಯೋರು. ಕಂಪನಿಗೆ ಫೋನ್ ಮಾಡಿದ್ರೆ ಮುಂದಿನ ವಾರ, ಮುಂದಿನ ವಾರ. ಆಕರ್ಷ್, ಎಷ್ಟು ಸಲ ಮಾಡಿದೀನಿ ನೀವೇ ಹೇಳಿ.”

ಆಕರ್ಷ್ ಬೇರೆ ಕಡೆ ನೋಡಿದ.

“ಓನರ್ರು ಹೇಳಿದ್ರು, ಇನ್ನೊಂದ್ಸಲ ಮಿಷನ್ ನಿಂತ್ರೆ ನೀವು ಬೇಡ, ಎಲ್ಲಾ ಮೊಬೈಲಲ್ಲೇ ನಡೆಸ್ಕೊತೀನಿ ಅಂತ. ಈ ವಯಸ್ಸಲ್ಲಿ ನಾನೆಲ್ಲಿಗೆ ಹೋಗ್ಲಿ? ಸೆನ್ಸರ್ ಬಿಚ್ಚಿ ನನ್ನ ಬೀರುವಲ್ಲಿ ಇಟ್ಟೆ. ವೈರಿನ ತುದಿಗೆ ಒಂದು ತಂತಿಯ ತುಂಡು ಸಿಕ್ಕಿಸಿದೆ, ಎಲ್ಲಾ ಸರಿ ಇದೆ ಅಂತ ಪ್ಯಾನಲ್ ತೋರಿಸ್ತಾ ಇರ್ಲಿ ಅಂತ. ರುದ್ರಮೂರ್ತಿ ಜಗಳ ಆಡಿದ. ತಂದು ಹಾಕಿ ಅಂದ. ಆಲೂಗಡ್ಡೆ ಸೀಸನ್ ಮುಗೀಲಿ ಅಂದೆ.”

“ನಿನ್ನೆ ಅವನ ಹೆಣ ತೆಗೆದ ಮೇಲೆ ಬಂದು ಸೆನ್ಸರ್ ಕೂರಿಸಿದ್ರಿ. ಸ್ವಿಚ್ ಆಫ್ ಮಾಡಿದ್ರಿ.”

“ಸತ್ತವನಿಗೆ ಇನ್ನೇನಾಗುತ್ತೆ ಅಂದ್ಕೊಂಡೆ.” ಅವರು ತೀರ್ಥಮ್ಮನ ಕಡೆ ನೋಡಲು ಹೋಗಿ ನೋಡಲಾರದೆ ಹೋದರು. “ಆದ್ರೆ ಮೇಡಂ, ಅವರನ್ನ ಹೊತ್ಕೊಂಡು ಬಂದಿದ್ದು ನಾಟಕ ಅಲ್ಲ. ನಾನೂ ಅಲ್ಲೇ ಸತ್ರೆ ಸಾಯ್ಲಿ ಅಂತಲೇ ಹೋದೆ.”

“ಗೊತ್ತು,” ಎಂದಳು ತನುಜಾ. ಆಮೇಲೆ ಓಂಕಾರೇಶನ ಕಡೆ ತಿರುಗಿದಳು. “ಸೈರನ್ ಬಗ್ಗೆ ನೀವು ಅವರಿಗೆ ಏನು ಹೇಳಿದ್ರಿ?”

ಓಂಕಾರೇಶ್ ಒಣಗಿದ ತುಟಿ ಸವರಿಕೊಂಡ. “ಹೆಂಗಾದ್ರೂ ಮಾಡಿ ಅದರ ಬಾಯಿ ಮುಚ್ಚಿಸು ಅಂದೆ. ಹೆಂಗೆ ಅಂತ ಕೇಳ್ಲಿಲ್ಲ.”

“ನೀವೂ ಜೀಪ್ ಹತ್ತಿ. ಆಕರ್ಷ್, ನಿಮ್ಮ ಕಂಪನಿಯವರಿಗೂ ನೋಟಿಸ್ ಬರುತ್ತೆ.”

* * *

ಸಂಜೆಯೊಳಗೆ ರುದ್ರಮೂರ್ತಿಯನ್ನು ಅವನ ಊರಿನಲ್ಲೇ ಮಣ್ಣು ಮಾಡಿದರು. ಗಾಡಿ ಅಡ್ಡ ನಿಲ್ಲಿಸಿದವರೇ ಹೆಗಲು ಕೊಟ್ಟರು. ತೀರ್ಥಮ್ಮ ಯಾರನ್ನೂ ತಡೆಯಲಿಲ್ಲ.

ಅದೇ ಹೊತ್ತಿಗೆ ತನುಜಾ ಇಬ್ಬರು ಆರೋಪಿಗಳನ್ನೂ ತರೀಕೆರೆ ಆಸ್ಪತ್ರೆಗೆ ಕರೆತಂದಳು. ನ್ಯಾಯಾಧೀಶರ ಮುಂದೆ ಹಾಜರುಪಡಿಸುವ ಮುಂಚೆ ಡಾಕ್ಟರ ತಪಾಸಣೆ ಆಗಬೇಕಿತ್ತು. ಹೆಂಗಸರ ವಾರ್ಡಿನ ಮುಂದೆ ಹಾದುಹೋಗುವಾಗ ಕೃಷ್ಣಸ್ವಾಮಿ ಕೆಮ್ಮಿದರು.

“ಸ್ವಾಮಣ್ಣೋರಾ?” ಒಳಗಿನಿಂದ ಹುಲಿಯಮ್ಮನ ದನಿ. “ನಿಮ್ ಕೆಮ್ಮೇ ಅಲ್ವಾ? ಬನ್ನಿ ಅಣ್ಣ, ಬನ್ನಿ.”

ಕೃಷ್ಣಸ್ವಾಮಿ ನಿಂತರು. ತನುಜಾಳ ಮುಖ ನೋಡಿದರು. ಕಲ್ಲೇಶ್ ಅವರ ತೋಳು ಹಿಡಿದು ಎಳೆಯಲು ಹೋದ. ತನುಜಾ ಬೇಡವೆಂದು ತಲೆಯಾಡಿಸಿದಳು.

ಅವರು ಮಂಚದ ಹತ್ತಿರ ಹೋದರು. ಹುಲಿಯಮ್ಮ ಗಾಳಿಯಲ್ಲಿ ತಡಕಿ ಅವರ ಕೈ ಹಿಡಿದಳು. ಹಣೆಗೆ ಒತ್ತಿಕೊಂಡಳು.

“ಕಣ್ಣು ಬಂದ್ರೆ ಮೊದ್ಲು ನಿಮ್ ಮುಖ ನೋಡ್ತೀನಿ ಅಂತ ಹರಕೆ ಹೊತ್ತಿದೀನಿ ಅಣ್ಣ.”

“ಹುಲಿಯಮ್ಮ,” ಎಂದರು ಕೃಷ್ಣಸ್ವಾಮಿ. “ಸೈರನ್ ಕೂಗದ ಹಾಗೆ ಮಾಡಿದ್ದು ನಾನೇ ಕಣಮ್ಮ. ರುದ್ರಮೂರ್ತಿ ಅಲ್ಲ. ನಾನು.”

ವಾರ್ಡಿನಲ್ಲಿ ಯಾರೋ ನರಳುತ್ತಿದ್ದರು. ಹುಲಿಯಮ್ಮ ಅಲುಗಾಡಲಿಲ್ಲ. ಆ ಕೈಯನ್ನು ಇನ್ನೂ ಹಿಡಿದೇ ಇದ್ದಳು.

“ನೀವು ನನ್ನ ಎತ್ಕೊಂಡಾಗ,” ಎಂದಳು ಕೊನೆಗೆ, “ಕರಿಯಮ್ಮ ನನ್ ಸೆರಗು ಹಿಡ್ಕಂಡಿದ್ಲು. ಬಿಡಿಸ್ಕಂಡು ಬಂದೆ.”

ಕೈ ಬಿಟ್ಟಳು. ಮುಖವನ್ನು ಗೋಡೆಯ ಕಡೆ ತಿರುಗಿಸಿ ಮಲಗಿದಳು.