ಎರಡನೆಯ ಬಟನ್

"ಡೇಟಾ ಅಳಿಸಿದ್ದು ನೀವಾ?"

ವಾಡಿ ಸ್ಟೇಷನ್ ಎದುರಿನ ಮೊಬೈಲ್ ಅಂಗಡಿಯಲ್ಲಿ ಗಿರಾಕಿಗಳಿದ್ದರು. ಕರುಣಾ ಯಾರನ್ನೂ ಲೆಕ್ಕಿಸಲಿಲ್ಲ. ತನ್ನ ಫೋನನ್ನು ಗಾಜಿನ ಕೌಂಟರ್ ಮೇಲಿಟ್ಟು, ಅಂಗಡಿ ನಡೆಸುವ ದೇವಾನಂದನ ಮುಖವನ್ನೇ ನೋಡುತ್ತ ನಿಂತಳು. ಅವರಿಬ್ಬರ ಮದುವೆ ನಿಶ್ಚಯವಾಗಿ ಎರಡು ತಿಂಗಳಾಗಿತ್ತು.

"ಒಳಗ ಬಾ ಕರುಣಾ, ಕುಂತು ಮಾತಾಡೋಣು."

"ಇಲ್ಲೇ ಹೇಳ್ರಿ."

"ಮೊನ್ನೆನೇ ಹೇಳೀನಲ್ಲ... ಬರೇ ಕ್ಯಾಶ್, ಅಂದ್ರ ಆ್ಯಪಿನ ಕಸಾ, ತೆಗದೀನಿ. ಫೋನಿಂದೇ ಏನೋ ಪ್ರಾಬ್ಲಮ್ ಇರಬೇಕು."

ಮತ್ತೆ ಅದೇ ಮಾತು. ಈ ಮಾತನ್ನು ನಂಬಿಯೇ ಅಲ್ಲವೇ ತಾನು ಹಾಳಾಗಿದ್ದು...

ಕರುಣಾ ಹೆಣ್ಣುಮಕ್ಕಳ ಆರೋಗ್ಯದ ಸರ್ವೇ ಮಾಡುವವಳು. ಮೂರು ವಾರ ಸೇಡಂ ಹತ್ತಿರದ ಮುಧೋಳದ ಓಣಿಗಳಲ್ಲಿ ತಿರುಗಿದ್ದಳು. ನೆಟ್‌ವರ್ಕ್ ಸಿಗದಾಗ ತುಂಬಿದ ಫಾರ್ಮು ಫೋನಿನಲ್ಲೇ ಉಳಿಯುತ್ತಿತ್ತು. ಸೇಡಂಗೆ ಬಂದು ಕಳಿಸಲು ಹೋದರೆ, ಹಳೆಯ ಫೋನಿನಲ್ಲಿ ಚಕ್ರ ತಿರುಗುತ್ತಲೇ ಇರುತ್ತಿತ್ತು. "ಸ್ವಲ್ಪ ಫಾಸ್ಟ್ ಮಾಡಿಕೊಡ್ರಿ" ಎಂದು ಅವಳೇ ಅವನ ಕೈಗೆ ಕೊಟ್ಟಿದ್ದಳು.

ಫೋನು ಹಗುರವಾಗಿ ಬಂತು. ಒಂದು ಫಾರ್ಮೂ ಉಳಿದಿರಲಿಲ್ಲ.

ಅವು ಬರೀ ಫಾರ್ಮುಗಳಾಗಿದ್ದರೆ ಇಷ್ಟು ನೋವಾಗುತ್ತಿರಲಿಲ್ಲ. ಒಬ್ಬಳು ಗಂಡನಿಗೂ ಹೇಳದ ಗರ್ಭಪಾತಗಳನ್ನು ಬೆರಳು ಮಡಚಿ ಎಣಿಸಿದ್ದಳು. ಅನಸುಬಾಯಿ ಎಂಬ ಮುದುಕಿ, ಗರ್ಭಚೀಲ ಜಾರಿ ಆರು ವರ್ಷವಾದರೂ ಬಾಯಿ ಬಿಡದವಳು, ಬಾಗಿಲು ಮುಂದೆ ಮಾಡಿ ಪಿಸುಗುಟ್ಟಿದ್ದಳು. ಇನ್ನೊಮ್ಮೆ ಕೇಳಬಹುದಾದ ಮಾತುಗಳೇ ಅವು?

"ಆಫೀಸಿನ್ಯಾಗ ಖುರ್ಷಿದಬೇಗಂ ಅಂತ ಆಪರೇಟರ್ ಇದ್ದಾರ," ಎಂದಳು ಕರುಣಾ. "ಅವರು ನೋಡ್ಯಾರ. ಆ್ಯಪ್ ತಂತಾನೇ ಖಾಲಿ ಆಗಂಗಿಲ್ಲಂತ. ನಿಮ್ಮ ಮಾತು ನಂಬಿ, ಫೋನ್ ಕೆಟ್ಟದ ಅಂತ ಬರದು ಸಹಿ ಮಾಡೀನಿ ನಾ. ಸಾಹೇಬ್ರು ಏನಂದ್ರು ಗೊತ್ತದೇನು? ಮನಿಮನಿಗೆ ಹೋಗೇ ಇಲ್ಲ, ಸುಳ್ಳು ಹೇಳಾಕತ್ತೀ ಅಂದ್ರು. ಶನಿವಾರದೊಳಗ ಮತ್ತ ತರಬೇಕು. ಇಲ್ಲಂದ್ರ ನೌಕರಿ ಇಲ್ಲ."

ದೇವಾನಂದ ಕೈಯಲ್ಲಿದ್ದ ಗಿರಾಕಿಯೊಬ್ಬನ ಫೋನು ಕೆಳಗಿಟ್ಟ.

"ಕ್ಯಾಶ್ ಬಾಜೂಕೇ ಡೇಟಾ ತೆಗಿಯೂ ಬಟನ್ ಇರ್ತದ. ಗಿರಾಕಿ ಅವಸರ ಮಾಡ್ತಾರಂತ ಎಲ್ಲರದ್ದೂ ಎರಡೂ ಒತ್ತಿಬಿಡ್ತೀನಿ. ಮತ್ತ ಲಾಗಿನ್ ಆದ್ರ ಎಲ್ಲಾ ವಾಪಸ್ ಬರ್ತದ. ನಿಂದು ಕಳಿಸದೇ ಇದ್ದದ್ದು... ಬರಲಿಲ್ಲ."

"ಯಾವಾಗ ಗೊತ್ತಾತು?"

"ಅವತ್ತೇ."

ಅವತ್ತೇ...

ಅವತ್ತು ಇದೇ ಅಂಗಡಿಯಲ್ಲಿ ಕುಳಿತು ಅವಳು ಅತ್ತಿದ್ದಳು. ಈ ಮನುಷ್ಯ ಚಹಾ ತರಿಸಿಕೊಟ್ಟು, "ಫೋನ್ ಹಳೇದಾಗ್ಯಾದ, ಬಿಡು" ಎಂದು ಸಮಾಧಾನ ಮಾಡಿದ್ದ. ಆ ಸಮಾಧಾನ ಈಗ ಮೈಮೇಲೆ ಹುಳು ಹರಿದಂತಾಯಿತು.

"ಹೇಳಿದ್ರ ನೀ ಲಗ್ನಾ ಬ್ಯಾಡ ಅಂತಿ ಅಂತ ಅಂಜಿಕಿ..."

"ಅದಕ್ಕ ನನ್ನ ಸುಳ್ಳುಗಾರ್ತಿ ಮಾಡಿದ್ರಿ."

ಪಕ್ಕದಲ್ಲಿದ್ದ ಹಿರಿಯ ಗಿರಾಕಿ ಪೀರಪ್ಪ ಮೆಲ್ಲಗೆ ಕೈ ಚಾಚಿದ. "ತಮ್ಮಾ, ನನ್ನ ಫೋನ್ ಇತ್ಲಾಗ ಕೊಡು. ನಿಧಾನ ಇದ್ರೂ ನಡೀತದ."

ಯಾರೂ ನಗಲಿಲ್ಲ. ಕರುಣಾ ಫೋನು ಎತ್ತಿಕೊಂಡು ಹೊರಟೇಬಿಟ್ಟಳು.

ನಾಲವಾರದ ತನ್ನ ಮನೆಯಲ್ಲಿ ಎರಡು ದಿನ ದೇವಾನಂದನ ಕರೆಗಳನ್ನು ಎತ್ತಲಿಲ್ಲ. ತಾಯಿ ಲಾಲಮ್ಮ ಕೇಳಿದರೆ ತಲೆನೋವೆಂದಳು. ಕೈ ತಪ್ಪಿದ್ದನ್ನು ಕ್ಷಮಿಸಬಹುದು. ಆದರೆ ತಾನು ಅಳುವುದನ್ನು ನೋಡುತ್ತ ಕುಳಿತವನನ್ನು? ನಾಳೆ ಒಂದೇ ಮನೆಯಲ್ಲಿ ಅವನ ಯಾವ ಮಾತನ್ನು ನಂಬಲಿ?

ಮೂರನೆಯ ದಿನ ಮುಧೋಳಕ್ಕೆ ಹೋದಳು. ಅನಸುಬಾಯಿಯ ಅಂಗಳದಲ್ಲಿ ಮಾತು ಹುಡುಕುತ್ತ ನಿಂತಾಗ, ಮುದುಕಿಯೇ ಕರೆದಳು.

"ಬಾ ಯವ್ವಾ. ಮತ್ತ ಕೇಳಾಕ ಬಂದೀ, ಹೌದಿಲ್ಲೋ?"

"ನಿಮಗ ಹ್ಯಾಂಗ ಗೊತ್ತು ಆಯಿ?"

"ನಿನ್ನ ಲಗ್ನಾ ಆಗಾಂವ ನಿನ್ನೆ ಬಂದಿದ್ದ. ಒಳಗ ಕರದ್ರೂ ಬರಲಿಲ್ಲ. ಬಾಗಲ್ದಾಗೇ ನಿಂತ. ಓಣಿ ಗಂಡಸರೆಲ್ಲಾ ಕಟ್ಟಿ ಮ್ಯಾಲ ಕುಂತಿದ್ರು. ಅವರ ಮುಂದೇ ಅಂದ, ಅಳಿಸಿದಾಂವ ನಾನು, ಆಕೀದು ಗಲ್ತಿ ಇಲ್ಲ, ಇನ್ನೊಮ್ಮೆ ಬರ್ತಾಳ, ದಯಮಾಡಿ ಹೇಳ್ರಿ ಅಂತ."

ಕರುಣಾ ಓಣಿಯ ಕಟ್ಟೆಯತ್ತ ತಿರುಗಿ ನೋಡಿದಳು.

"ಓದಿಯೇನೋ ಅಂತ ಜಬರಿಸಿ ಕೇಳ್ದೆ. 'ಇಲ್ಲ ಆಯಿ, ನೋಡದೇ ಅಳಿಸೀನಿ, ಅದೇ ತಪ್ಪು' ಅಂದ. ಮನಿಮನಿ ತಿರಗಾಕತ್ತಾನ ಹುಚ್ಚ. ಕುಂದ್ರು, ಬರಕೋ."

ಅಂದು ಹೋದ ಮನೆಗಳಲ್ಲಿ ಬಹಳಷ್ಟು ಹೆಂಗಸರು ಮತ್ತೆ ಹೇಳಿದರು. ಬೆರಳು ಮಡಚಿ ಎಣಿಸಿದ್ದವಳು ಮಾತ್ರ, "ಒಮ್ಮೆ ಹೇಳೀನಲ್ಲ" ಎಂದು ಒಳಗೆ ಹೋದಳು. ಕರುಣಾ ಒತ್ತಾಯಿಸಲಿಲ್ಲ. ಆ ಬಾಗಿಲು ತನ್ನ ಪಾಲಿಗೆ ಮುಚ್ಚಿತೆಂದು ಅವಳಿಗೆ ಗೊತ್ತಾಯಿತು.

ಸಂಜೆ ಬಸ್ ನಿಲ್ದಾಣಕ್ಕೆ ಬಂದರೆ ದೇವಾನಂದ ಅಲ್ಲಿದ್ದ. ಕಾಲೆಲ್ಲ ಧೂಳು.

"ಸೇಡಂ ಆಫೀಸಿಗೂ ಬರದು ಕೊಟ್ಟೀನಿ," ಎಂದ. "ನಿನ್ನ ಸಹಿ ಸುಳ್ಳಲ್ಲ, ನನ್ನ ಮಾತು ಸುಳ್ಳು ಅಂತ."

"ಎಲ್ಲರೂ ಹೇಳಲಿಲ್ಲ. ಒಬ್ಬಾಕಿ ಹೇಳಲಿಲ್ಲ."

ಅವನು ಸಮಾಧಾನ ಹೇಳಲಿಲ್ಲ. ತಲೆ ತಗ್ಗಿಸಿ ನಿಂತ. ಅವತ್ತಿನ ಸಮಾಧಾನಕ್ಕಿಂತ ಇದು ಅವಳಿಗೆ ನಿಜವೆನಿಸಿತು.

"ಸಿಟ್ಟು ಹೋಗಿಲ್ಲ ನಂದು," ಎಂದಳು. "ಲಗ್ನಾ ಸ್ವಲ್ಪ ಮುಂದ ಹಾಕೋಣು."

"ಬ್ಯಾಡ ಅಂತೀ ಏನು?"

"ಮುಂದ ಹಾಕೋಣು ಅಂದೀನಿ. ಬ್ಯಾಡ ಅಂದಿಲ್ಲ."

ಅವನ ಕಣ್ಣು ತುಂಬಿತು. ಅವಳು ನಿಲ್ದಾಣದ ಕಟ್ಟೆಯ ಮೇಲೆ ಕುಳಿತು, ಪಕ್ಕದಲ್ಲಿ ಅವನಿಗೆ ಜಾಗ ಮಾಡಿದಳು.

"ಇನ್ನ ಮ್ಯಾಲ ಅಂಜಿಕಿ ಬಂದ್ರ ಏನ್ ಮಾಡ್ತೀರಿ?"

"ಮೊದಲ ನಿನಗ ಹೇಳ್ತೀನಿ."

"ಈಗ ಏನರೆ ಅಂಜಿಕಿ ಅದ ಏನು?"

"ಅದ."

"ಏನು?"

"ನಿಮ್ಮವ್ವಗ ಇನ್ನೂ ಹೇಳಿಲ್ಲ."

ಎಷ್ಟೋ ದಿನಗಳ ಮೇಲೆ ಕರುಣಾಗೆ ನಗು ಬಂತು. ತಡೆಯಲು ನೋಡಿದಳು, ಆಗಲಿಲ್ಲ.

"ನಡ್ರಿ, ನಾಲವಾರಕ್ಕ ಹೋಗೋಣು. ಹೇಳಾವರು ನೀವೇ."

"ಮತ್ತ ನೀ?"

"ನಾ ಬಾಜೂಕ ಕುಂದರ್ತೀನಿ."